ದಿನಾ ಹಡಿಯೋ ಬಾಣಂತ್ಯಾರು

ನಾವು ಯಾವ ಊರಾಗ ಮನಿ ಮಾಡಿದ್ರೂ ಸಾಮಾನಿನ ಲಾರಿ ಹತ್ತಿ ಒಂದು ಫಜೀತಿನೂ ಬಂದೇ ಬರ್ತದ. ಪುಣೆಕ್ಕ ಬಂದಾಗ ಅದು ಐದು ಕೋಳಿ ಆಗಿ ಬಂತು.

ತೊಂಬತ್ತರ ದಶಕದ ಕಡೀ ವರ್ಷಗಳು. ನಮ್ಮ ಮನಿಯವರು ಪುಣೆ ಬಾಜೂಕಿನ ಭೋಸರಿಯ ಒಂದು ಕಾರ್ಖಾನಿಯೊಳಗ ಮಾಲು ತಪಾಸಣಿ ಮಾಡೋ ಇನ್‌ಸ್ಪೆಕ್ಟರ್. ಬಾಡಿಗಿ ಮನಿ ಕೆಳಗ, ಮಾಲಕೀಣಬಾಯಿ ಮ್ಯಾಲೆ. ಬಾಜೂ ಮನಿಯಾವ ರಾಂಜಣಗಾಂವಕ್ಕ ಕೆಲಸ ಬದಲಿಸಿ ಹೋಗುವಾಗ ತನ್ನ ಕೋಳಿ ನಮ್ಮ ಹಿತ್ತಲಾಗ ಬಿಟ್ಟು ಹೋದ. ನಾವು ತತ್ತಿ ಮುಟ್ಟದ ಮಂದಿ. ಮಾಲಕೀಣಬಾಯಿ ಮರಾಠಿಯೊಳಗ ಅಂದ್ಲು, "ಇರ್ಲಿ, ತತ್ತಿ ನನಗ ಕೊಡು. ತತ್ತಿ ಇಡೂತನಕ ಕೋಳಿ ಇರ್ಲಿ."

ನನಗೋ ಆ ಕೋಳಿ ಅಂದ್ರ ಪಂಚಪ್ರಾಣ. ಮುಂಜಾನಿಂದ ಸಂಜಿತನಕ ಹಾಲಿನವನ ಜೋಡಿ, ಕಾಯಿಪಲ್ಯೆಯವಳ ಜೋಡಿ ಮರಾಠಿ ಮಾತಾಡಿ ನಾಲಿಗಿ ನೋಯ್ತಿತ್ತು. ಇಡೀ ಓಣಿಯಾಗ ನನ್ನ ಕನ್ನಡ ಕುತ್ತಿಗಿ ಓರಿ ಮಾಡಿ ಕೇಳ್ತಿದ್ದವು ಅವಷ್ಟೇ.

೧. ಆರಿಸಿ ತಿನ್ನೋರು

ಪ್ರೀತಿ ಜಾಸ್ತಿ ಆಗಿ ನಾನು ಅವಕ್ಕ ಅನ್ನ, ರೊಟ್ಟಿ ಚೂರು, ಹಬ್ಬಕ್ಕ ಶಿರಾ ಎಲ್ಲಾ ಹಾಕಿದೆ. ಕೋಳಿ ಗುಂಡಗ ಆದ್ವು. ತತ್ತಿ ಮೊದಲು ತೊಗಲಿನಂಗ ಮೆತ್ತಗಾದ್ವು, ಆಮ್ಯಾಲೆ ಪೂರ್ತಿ ನಿಂತೇ ಹೋದ್ವು. ಮಾಲಕೀಣಬಾಯಿಯ ಮಗ ದಿನಾ ಹಿತ್ತಲಿಗೆ ಬಂದು ಅವನ್ನ ಪ್ರೀತಿಯಿಂದ ನೋಡಾಕ ಶುರು ಮಾಡಿದ. "ವಹಿನಿ, ಗಟಾರಿ ಜವಳ ಆಲಿ!"

ಗಟಾರಿ ಹತ್ತಿರ ಬಂತಂತ. ಶ್ರಾವಣ ಹತ್ತೂಕಿಂತ ಮುಂಚಿನ ಅಮಾವಾಸಿ ಅದು. ಮಾಂಸ ತಿನ್ನೋರು ಇಡೀ ತಿಂಗಳದ್ದು ಅವತ್ತೇ ತಿಂದು ಕೈ ತೊಳ್ಕೋತಾರ. ನಮಗ ನಾಗರ ಅಮಾವಾಸಿ, ನನ್ನ ಕೋಳಿಗೆ ಯಮನ ಅಮಾವಾಸಿ. ಅಷ್ಟರೊಳಗ ತತ್ತಿ ಇಡದಿದ್ರ ಖಾರದ ಸಾರು, ಅಂದ್ರ ರಸ್ಸಾ ಆಗೂದು ಗ್ಯಾರಂಟಿ.

ನಾನು ಅಳೂದು ನೋಡಿ ನಮ್ಮ ಮನಿಯವರು ತೋಳು ಏರಿಸಿದ್ರು. "ತತ್ತಿ ಅಂದ್ರ ಪ್ರೊಡಕ್ಷನ್. ಕಚ್ಚಾ ಮಾಲು ಸರಿ ಇಲ್ಲ, ಅಷ್ಟs." ಯಾರ್‍ಯಾರನ್ನೋ ಕೇಳ್ಕೊಂಡು ಬಂದು, ಶಕ್ತಿಗೆ ಮೆಕ್ಕಿಜ್ವಾಳ, ಮೈ ತುಂಬಾಕ ಶೇಂಗಾ ಹಿಂಡಿ, ಹೊಟ್ಟಿಗೆ ಗೋದಿ ತೌಡು, ಚಿಪ್ಪು ಗಟ್ಟಿ ಆಗಾಕ ಸಮುದ್ರದ ಚಿಪ್ಪಿನ ಚೂರು, ಎಲ್ಲಾ ತಕ್ಕಡಿಯೊಳಗ ತೂಗಿ ಪೇಪರ್ ಮ್ಯಾಲೆ ಕಲಸಿದ್ರು. ಗಂಡಸು ಇಷ್ಟು ಶ್ರದ್ಧಾದಿಂದ ಅಡಿಗಿ ಮಾಡಿದ್ದು ನಾನು ಅದs ಮೊದಲು ನೋಡಿದ್ದು.

ಕೋಳಿ ಬಂದ್ವು. ಮೆಕ್ಕಿಜ್ವಾಳದ ಕಾಳು ಒಂದೊಂದs ಆರಿಸಿ ತಿಂದ್ವು. ಉಳಿದದ್ದನ್ನ ಕಾಲಿಂದ ಹಿಂದಕ್ಕ ಕೆದರಿ ಇವರ ಪ್ಯಾಂಟಿನ ಮ್ಯಾಲೆ ಒಗದು ಹೋದ್ವು.

"ಮಾಲು ರಿಜೆಕ್ಟ್ ಆತೇನ್ರಿ?" ಅಂದೆ.

ಅವರು ಪ್ಯಾಂಟು ಝಾಡಿಸ್ಕೋತ ಅಂದ್ರು, "ಹನ್ನೆರಡು ವರ್ಷ ಇನ್‌ಸ್ಪೆಕ್ಷನ್ ಮಾಡೇನಿ. ಇಷ್ಟು ಕಟ್ಟುನಿಟ್ಟು ಇನ್‌ಸ್ಪೆಕ್ಟರ್‌ನ ನೋಡಿಲ್ಲ."

೨. ಶುದ್ಧ ಸಸ್ಯಾಹಾರಿ ಒಣಮೀನು

ಒಬ್ಬರು ಹೇಳಿದ್ರು, ಒಣಮೀನಿನ ಪುಡಿ ಸ್ವಲ್ಪರೆ ಬೇಕs ಬೇಕು ಅಂತ. ನಾವು ಒಣಮೀನು ಎಲ್ಲಿಂದ ತರೂದು? ನಮ್ಮ ಮನಿಯವರಿಗೆ ಪುಣೆಯ ಕ್ಯಾಂಪ್ ಬಜಾರದಾಗ ಹೋಟೆಲ್ ಇಟ್ಟ ಉಡುಪಿ ಕಡೆಯವರೊಬ್ಬರ ಪರಿಚಯ ಇತ್ತು. ಸಮುದ್ರದ ಕಡೆಯವರು, ಗೊತ್ತಿರ್ತದ ಅಂತ ಹೋದ್ರು.

ಮಧ್ಯಾಹ್ನದ ಊಟದ ಹೊತ್ತು, ಹೋಟೆಲ್ ತುಂಬ ಮಂದಿ. ನಮ್ಮವರ ದನಿ ಮೊದಲs ಕಾರ್ಖಾನಿ ದನಿ, ಮಷೀನಿನ ಸಪ್ಪಳದ ಮ್ಯಾಲೆ ಮಾತಾಡಿ ರೂಢಿ. ಬಾಗಲದಾಗ ನಿಂತs ಕೇಳಿದ್ರಂತ, "ಯಜಮಾನ್ರ, ಒಳ್ಳೇ ಒಣಮೀನು ಎಲ್ಲಿ ಸಿಗ್ತದ್ರಿ?"

ಸಾಂಬಾರಿನ ಬಕೆಟ್ ಹಿಡಿದಾವ ನಿಂತಲ್ಲೇ ನಿಂತ. ಒಬ್ಬ ಗುಜರಾತಿ ಅಜ್ಜ ತುತ್ತು ತಾಟಿಗೆ ಹೊಳ್ಳಿ ಇಟ್ಟ. ಯಜಮಾನರು ಓಡಿ ಬಂದು ಇವರ ರಟ್ಟಿ ಹಿಡಿದು ಅಡಿಗಿಮನಿಗೆ ಎಳ್ಕೊಂಡು ಹೋದ್ರು. "ಮೆಲ್ಲ ಮಾತಾಡಿ ಮಾರಾಯ್ರೆ! ಬೋರ್ಡಲ್ಲಿ ಶುದ್ಧ ಸಸ್ಯಾಹಾರಿ ಅಂತ ಬರ್ದದ್ದು ಕಾಣುದಿಲ್ವಾ?"

ಇವರು ತಪ್ಪಾತ್ರಿ ಅಂತ ಕೈ ಮುಗಿದ್ರು. ಯಜಮಾನರು ಆ ಕಡೆ ಈ ಕಡೆ ನೋಡಿ, ದನಿ ಇಳಿಸಿ ಕೇಳಿದ್ರಂತ, "ಯಾವುದು ಬೇಕು? ಸಾರಿಗಾ, ಚಟ್ನಿಗಾ?"

"ಕೋಳಿಗೆ."

ಯಜಮಾನರು ಹಣಿ ಬಡ್ಕೊಂಡ್ರಂತ. "ಕೋಳಿಗಾ? ಹೆಂಡತಿ ಊರಿಗೆ ಹೋಗಿ ಎರಡು ತಿಂಗಳಾಯ್ತು, ನನಗೇ ಒಂದು ತುಂಡು ಸಿಗ್ಲಿಲ್ಲ!"

ಅಂಗಡಿ ತೋರಿಸಿದ್ರು ಪುಣ್ಯಾತ್ಮರು. ಇವರು ಆ ಗಂಟು ಹಿಡ್ಕೊಂಡು ಸಿಟಿ ಬಸ್ ಹತ್ತಿದ್ರು. ನಿಲ್ಲಾಕ ಜಾಗ ಇಲ್ಲದ ಬಸ್ಸಿನೊಳಗ ನಮ್ಮವರಿಗೆ ಭೋಸರಿತನಕ ಇಡೀ ಸೀಟು ಸಿಕ್ತು, ಮುಂದಿನ ಸೀಟೂ ಖಾಲಿ.

೩. ಅತ್ತಿಯವರ ಕೈರುಚಿ

ಅದs ವಾರ ಗದಗಿನಿಂದ ನಮ್ಮ ಅತ್ತಿಯವರು ಬಂದ್ರು. ಮಡಿ ಮನಷ್ಯಾಳು. ಆದ್ರ ಊರಾಗ ಬಾಣಂತನ ಮಾಡೂದ್ರಾಗ ಎತ್ತಿದ ಕೈ. ಹಿತ್ತಲಿಗೆ ಬಂದು ಕೋಳಿ ನೋಡಿದ್ರು, ಮೂಗಿಗೆ ಸೆರಗು ಹಿಡಿದ್ರು.

"ಇವು ಎಷ್ಟು ದಿನಕ್ಕೊಮ್ಮೆ ಹಡೀತಾವು?"

"ಸರಿ ತಿಂದ್ರ ದಿನಾ ಹಡೀತಾವ್ರಿ."

ಅವರ ಸೆರಗು ಕೆಳಗ ಇಳೀತು. "ದಿನಾ? ಅಯ್ಯ ನಮ್ಮವ್ವ! ನಾನು ನಾಕು ಹಡಿಯೂದ್ರಾಗ ಸೊಂಟ ಮುರಕೊಂಡೆ. ಅಂದ್ರ ಇವು ದಿನಾ ಬಾಣಂತ್ಯಾರು! ದಿನಾ ಹಡಿಯೋರಿಗೆ ಇಂವ ಒಣಾ ಹಿಂಡಿ ಹಾಕ್ತಾನ?"

ಅಲ್ಲಿಂದ ಹಿತ್ತಲು ಬಾಣಂತಿ ಕೋಣಿ ಆತು. ಮಗ ತೂಗಿಟ್ಟ ಲೆಕ್ಕ ಅವರು ಬದಲಿಸಲಿಲ್ಲ. "ಲೆಕ್ಕ ಖರೇ ಐತಿ, ಕಲಸೂದು ಬರಂಗಿಲ್ಲ ಅವಗ," ಅಂದು, ಕಾಳು ಒಡಿಸಿ, ನುಗ್ಗಿ ಸೊಪ್ಪು, ಬಾಣಂತ್ಯಾರಿಗೆ ಕೊಡೋ ಅಳವಿ ಕಾಳು, ಎಳ್ಳು ಸೇರಿಸಿ, ಮಜ್ಜಿಗಿ ಚಿಮುಕಿಸಿ ಉದುರುದುರಾಗಿ ಕಲಸಿದ್ರು. ಈಗ ಆರಿಸಿ ತಿನ್ನಾಕ ಏನೂ ಉಳೀಲಿಲ್ಲ, ಎಲ್ಲಾ ಒಂದಕ್ಕೊಂದು ಹತ್ತಿತ್ತು. ಕೋಳಿ ಬುಟ್ಟಿ ತಳಾ ಕುಟ್ಟೂತನಕ ತಿಂದ್ವು. ನಾನು ಬಾಯಿ ತೆಗದು ನೋಡ್ಕೋತ ನಿಂತೆ.

ಒಂದs ಪಂಚಾಯ್ತಿ. "ಈ ಡಬ್ಬಿಯಾಗಿಂದು ಏನೋ ಇದು, ಭಾಳ ನಾರ್ತೈತಿ?" ಅಂದ್ರು.

ಮೀನಿನ ಪುಡಿ ಡಬ್ಬಿ! ನಮ್ಮ ಮನಿಯವರು ಬೆವತು ಹೋದ್ರು. "ಅದು... ಮುಂಬೈ ಕಡೆ ಬಾಣಂತಿ ಔಷಧಿ, ಅವ್ವ."

"ಔಷಧಿ ಅಂದ ಮ್ಯಾಲೆ ನಾರೂದs," ಅಂದು ಅತ್ತಿಯವರು ಅದನ್ನೂ ಕಲಸಿ, ಯಾವತ್ತಿನ ರೂಢಿಯಂಗ ಬಟ್ಟು ನಾಲಿಗಿಗೆ ಹಚ್ಚಿ ನೋಡಿದ್ರು. ನಾವಿಬ್ಬರೂ ಉಸಿರು ಹಿಡಿದ್ವಿ.

ಅತ್ತಿಯವರು ತಲಿ ಅಲ್ಲಾಡಿಸಿದ್ರು. "ಉಪ್ಪು ಬರೋಬ್ಬರಿ ಐತಿ. ಮಾಡಿದಾಕಿ ಸುಗರಣಿ ಇರಬೇಕು."

೪. ಬಯಕಿ

ಇಷ್ಟಾದ್ರೂ ತತ್ತಿ ಬರಲಿಲ್ಲ. ಅಮಾವಾಸಿ ನಾಳೆ ಅನ್ನೂತನಕ ಬಂತು. ಮ್ಯಾಲೆ ಮಾಲಕೀಣಬಾಯಿಯ ಮಗರಾಯ ಮಸಾಲಿ ತಂದಿಟ್ಟ ವಾಸನಿ ಕೆಳಗಿನತನಕ ಬರ್ತಿತ್ತು.

ಅವತ್ತ ಸಂಜಿಕ ನೋಡ್ತೀನಿ, ಒಂದು ಕೋಳಿ ಖಾದ್ಯ ಬಿಟ್ಟು ಬಾಜೂಕ ಇಟ್ಟಿದ್ದ ಚಿಪ್ಪಿನ ಚೂರಿನ ಪರಿಯಾಣಕ್ಕ ಹೋಗಿ ಕಟಕಟ ತಿನ್ನಾಕತ್ತಿತು. ಅದರ ಹಿಂದ ಇನ್ನೊಂದು. ಯಾರೂ ಹೇಳಿಲ್ಲ, ಕಲಿಸಿಲ್ಲ. ತನ್ನ ಮೈಗೆ ಏನು ಬೇಕು ಅಂತ ಆ ಇಷ್ಟು ಸಣ್ಣ ತಲಿಗೆ ಹೆಂಗ ಗೊತ್ತಾತೋ ದೇವ್ರs ಬಲ್ಲ. ನನಗ ಮೈ ಝುಂ ಅಂತು.

ಅತ್ತಿಯವರು ಚಪ್ಪಾಳಿ ಹೊಡದ್ರು. "ಸುಣ್ಣ ತಿನ್ನಾಕತ್ತಾವು! ನಾ ಬಸುರಿದ್ದಾಗ ಗ್ವಾಡಿ ಕೆರಕೊಂಡು ತಿಂತಿದ್ದೆ. ಬಯಕಿ ಹತ್ಯಾವು ಇವಕ್ಕ. ಏಳು, ಕುಬಸ ಮಾಡೂಣು!"

ಕುಬಸ ಅಂದ್ರ ಬಸುರಿಗೆ ಹಸರು ಖಣ ಹೊದಿಸಿ, ಉಡಿ ತುಂಬಿ, ಹಾಡಿ ಆರತಿ ಮಾಡೂದು. ಮರಾಠಿಯವರಲ್ಲೂ ಅದs ಪದ್ಧತಿ. ಅತ್ತಿಯವರು ಮೆಟ್ಟಲ ಕೆಳಗ ನಿಂತು ಮಾಲಕೀಣಬಾಯಿನ್ನ ಕೂಗಿ ಕರದ್ರು. "ಉಡಿ ತುಂಬಾಕ ಮುತ್ತೈದಿ ಬೇಕು, ಬರ್ರಿ!" ಮಾಲಕೀಣಬಾಯಿಗೆ ಕನ್ನಡ ಬರಂಗಿಲ್ಲ. ಆದ್ರ ತಾಟಿನ್ಯಾಗ ಖಣ, ಅಕ್ಕಿ, ಕೊಬ್ಬರಿ ನೋಡಿದಾಕಿನs ಸೆರಗು ಹೊದ್ದು ಇಳಿದು ಬಂದ್ಲು. ಬಂದ ಮ್ಯಾಲೆ ಬಸುರಿ ಯಾರಂತ ನೋಡಿ ಬಿದ್ದು ಬಿದ್ದು ನಕ್ಳು. ನಕ್ಕರೂ ಕೈ ಹಿಂದ ತಗೀಲಿಲ್ಲ. ಖಣ ಹೊದಿಸಿ, ಅಕ್ಕಿ ಹಾಕಿ ಒಂದೊಂದಕ್ಕೂ ಉಡಿ ತುಂಬಿದ್ಲು. ಕುಂಕುಮ ಹಚ್ಚಾಕ ಹೋದ್ರ ಅತ್ತಿಯವರು ಕೋಳಿಯ ಕೆಂಪು ಜುಟ್ಟು ತೋರಿಸಿ ತಡದ್ರು. "ಇವಕ್ಕ ದೇವ್ರs ಹಚ್ಚಿ ಕಳಿಸ್ಯಾನ." ಇಬ್ಬರೂ ತಮ್ಮ ತಮ್ಮ ಭಾಷಾದಾಗ ಹಾಡು ಹಾಡಿದ್ರು. ಹಸರು ಖಣದ ಕೆಳಗ ಐದೂ ಕೋಳಿ ಸುಮ್ಮನ ಕೂತು ಕೇಳಿದ್ವು. ಅಂಥಾ ಸೋಜಿಗ ನಾನು ಮತ್ತ ನೋಡಿಲ್ಲ.

ಮರುದಿನ ಮುಂಜಾನೆ ಮಗರಾಯ ಕತ್ತಿ ಮಸ್ಕೊಂಡು ಇಳಿದು ಬಂದ. ನಾನು ಕೋಳಿ ಮುಚ್ಚಿದ ಬುಟ್ಟಿಗೆ ಅಡ್ಡ ನಿಂತೆ. ಅಷ್ಟರೊಳಗ ಬುಟ್ಟಿಯೊಳಗಿಂದ "ಕೊಕ್ಕೊಕ್ಕೊಕ್ಕೋ" ಅಂತ ಇಡೀ ಭೋಸರಿಗೆ ಕೇಳೂವಂಗ ಡಂಗುರ!

ಅತ್ತಿಯವರು ಕೈ ಹಾಕಿದ್ರು. ಜನ್ಮದಾಗ ತತ್ತಿ ಮುಟ್ಟದ ಕೈ. ಬೆಳ್ಳನೆಯ, ಗಟ್ಟಿ ಚಿಪ್ಪಿನ ತತ್ತಿ ಅಂಗೈಯಾಗ ಇಟ್ಕೊಂಡು ಕಣ್ಣಾಗ ನೀರು ತಂದ್ರು. "ಎಷ್ಟು ಬೆಚ್ಚಗ ಐತವ್ವ!"

ಮಗರಾಯ ಸುಮ್ಮನಿರಬೇಕಲ್ಲ? "ಒಂದು ಇಟ್ಟದ, ಉಳಿದ ನಾಕು ಕೊಡ್ರಿ," ಅಂದ.

ಮ್ಯಾಲಿಂದ ಮಾಲಕೀಣಬಾಯಿ ಧಡಧಡ ಇಳಿದು ಬಂದು ಅವನ ಕೈಯಾಗಿನ ಕತ್ತಿ ಕಸಗೊಂಡ್ಲು. ತಾನು ಉಡಿ ತುಂಬಿದ್ದು ಅಂದ್ರ ತನ್ನ ಮಗಳಿದ್ದಂಗ, ತವರಿಗೆ ಬಂದ ಮಗಳ ರಸ್ಸಾ ಮಾಡ್ತಾರೇನೋ ಅಂತ ಮರಾಠಿಯೊಳಗ ಝಾಡಿಸಿದ್ಲು. ಕತ್ತಿ ಇದ್ದ ಅವನ ಕೈಯಾಗ ಖಾಲಿ ಚೀಲ ಕೊಟ್ಟು ಅಂದ್ಲು:

"ಮಾಮಾ ಝಾಲಾಸ ತೂ! ಜಾ, ಮಕಾ ಘೇವುನ ಯೇ!"

ಸೋದರಮಾವ ಆದಿ, ಹೋಗು, ಮೆಕ್ಕಿಜ್ವಾಳ ತಗೊಂಡು ಬಾ ಅಂತ. ಪಾಪ, ಗಟಾರಿ ದಿನ ಆ ಸೋದರಮಾವ ಬಟಾಟಿ ರಸ್ಸಾ ಉಂಡ.