ಬೇರು ತೊಳೆಯುವ ನೀರು ಮತ್ತು ನನ್ನ ಹಲ್ಲು

ಹಲ್ಲಿನ ಡಾಕ್ಟರ ಬಳಿ ಕೆಲಸಕ್ಕಿರುವವರಿಗೆ ನಗು ಬರುವಂಥದ್ದು ದಿನಕ್ಕೊಂದಾದರೂ ನಡೆಯುತ್ತದೆ. ಆದರೆ ನಗುವಂತಿಲ್ಲ. ಎದುರಿಗೆ ಒಬ್ಬರು ಬಾಯಿ ತೆರೆದು, ಕಣ್ಣಲ್ಲಿ ನೀರು ತುಂಬಿಕೊಂಡು ಮಲಗಿರುತ್ತಾರೆ. ನಾವು ಹಲ್ಲು ಬಿಟ್ಟರೆ ಅವರು ತಮ್ಮ ಹಲ್ಲು ಹೋಯಿತೆಂದೇ ತಿಳಿಯುತ್ತಾರೆ. ಆರು ವರ್ಷ ನುಂಗಿದ್ದನ್ನು ಈಗ ಉಗುಳುತ್ತಿದ್ದೇನೆ.

ನಾನು ಓದಿದ್ದು ಹತ್ತನೆಯವರೆಗೆ. ಮನೆ ಅಂಕೋಲೆಯಲ್ಲಿ, ಕೆಲಸ ಕಾರವಾರದಲ್ಲಿ. ಬೆಳಿಗ್ಗೆ ಮಗಳನ್ನು ಅತ್ತೆಯ ಸೊಂಟಕ್ಕೆ ದಾಟಿಸಿ ಬಸ್ಸಿಗೆ ಓಡುವುದು, ಸಂಜೆ ಅದೇ ಸೊಂಟದಿಂದ ಬೈಗುಳದ ಸಮೇತ ಇಳಿಸಿಕೊಳ್ಳುವುದು. ಕ್ಲಿನಿಕ್ಕಿನಲ್ಲಿ ನಾವಿಬ್ಬರೇ, ಡಾಕ್ಟರು ಮತ್ತು ನಾನು. ಡಾಕ್ಟರು ಕೆಟ್ಟವರಲ್ಲ, ಕೈಗುಣ ಒಳ್ಳೆಯದೇ. ಆದರೆ ಆ ಕೈಗೇ ಒಂದು ಚಾಳಿ. ಹಲ್ಲಿನಿಂದ ಕಣ್ಣು ತೆಗೆಯದೆ ಬಲಗೈಯನ್ನು ಪಕ್ಕಕ್ಕೆ ಚಾಚುತ್ತಾರೆ, ತೀರ್ಥಕ್ಕೆ ಒಡ್ಡಿದ ಹಾಗೆ. ಅದರಲ್ಲಿ ಏನು ಬಿತ್ತೋ ಅದು ರೋಗಿಯ ಬಾಯಿಗೆ. ನೋಡುವ ಪದ್ಧತಿ ಇಲ್ಲ.

ರೂಟ್ ಕೆನಾಲ್ ಇದ್ದ ದಿನ ನಾನು ಎರಡು ಸಿರಿಂಜು ತುಂಬಿಡಬೇಕು. ಒಂದರಲ್ಲಿ ಮರಗಟ್ಟಿಸುವ ಔಷಧಿ, ಒಸಡಿಗೆ ಚುಚ್ಚುವುದು. ಇನ್ನೊಂದರಲ್ಲಿ ಹಲ್ಲಿನ ಬೇರಿನೊಳಗಿನ ಕೊಳೆ ತೊಳೆಯುವ ನೀರು. ಎರಡೂ ಒಂದೇ ಗಾತ್ರ, ಎರಡಕ್ಕೂ ನೀರಿನದೇ ಬಣ್ಣ. ತೊಳೆಯುವ ನೀರು ಹಲ್ಲಿನೊಳಗೇ ಇರಬೇಕು. ಮಾಂಸಕ್ಕೆ ಇಳಿದರೆ ಸುಡುತ್ತದೆ. ಯಾವುದು ಯಾವುದೆಂದು ಗೊತ್ತಿದ್ದದ್ದು ನನಗೊಬ್ಬಳಿಗೆ.

ನನ್ನ ಕಷ್ಟ ಶುರುವಾದದ್ದೇ ಇಲ್ಲಿ. ನನ್ನದೇ ಎಡಗಡೆಯ ದವಡೆ ಹಲ್ಲು ತೂತಾಗಿತ್ತು. ಅದಕ್ಕೂ ರೂಟ್ ಕೆನಾಲೇ ಆಗಬೇಕೆಂದು ಡಾಕ್ಟರು ಹೇಳಿ ವರ್ಷವಾಗಿತ್ತು. "ಯಾವಾಗ ಕೂರ್ತೆ?" ಎಂದು ಅವರು ಕೇಳುವುದು, "ನೋಡ್ವಾ ಸರ್" ಎಂದು ನಾನು ಜಾರುವುದು. ಊರಿನವರಿಗೆಲ್ಲ ಸಿರಿಂಜು ಕೊಡಲು ನಾನಿದ್ದೇನೆ. ನಾನು ಮಲಗಿದರೆ ಕೊಡುವವರು ಯಾರು?

ಬಾವಿ

ಚಿತ್ತಾಕುಲದಿಂದ ಮೀನು ಮಾರುವ ಅಜ್ಜಿಯೊಬ್ಬಳು ಸೊಸೆಯ ಜೊತೆ ಬಂದಿದ್ದಳು. ತೊಳೆಯುವ ನೀರಿನ ಮೊದಲ ಹನಿ ಬಿದ್ದದ್ದೇ ತಡ, ಡಾಕ್ಟರ ಕೈ ಸರಿಸಿ ಎದ್ದು ಕೂತಳು.

"ಡಾಕ್ಟ್ರೆ, ಇದು ಪಂಚಾಯ್ತಿಯವ್ರು ಬಾವಿಗೆ ಹಾಕೂದಲ್ಲನ?"

"ಅಲ್ಲ ಅಮ್ಮಾ, ಇದು ಹಲ್ಲಿನ ಔಷಧಿ."

"ಮೀನು ಮಾರೂಳಿಗೆ ವಾಸ್ನೆ ಕಲಿಸೂಕೆ ಬರ್ಬೇಡಿ. ಈ ಮೂಗಿಂದ್ಲೇ ನಾಕು ಮಕ್ಕಳ್ನ ಸಾಕಿದ್ದೆ."

ಡಾಕ್ಟರು ನನ್ನ ಮುಖ ನೋಡಿದರು. ಅಜ್ಜಿ ಹೇಳಿದ್ದು ಸುಳ್ಳಲ್ಲ. ಬಾವಿಗೆ ಹಾಕುವ ಬ್ಲೀಚಿಂಗ್ ಪುಡಿ ಮತ್ತು ಇದು ಅಕ್ಕತಂಗಿಯರೇ.

"ಅದೇ ಜಾತಿದು ಅಜ್ಜಿ, ಆದ್ರೆ ತೆಳು ಮಾಡಿದ್ದು," ಎಂದೆ. "ಹಲ್ಲಿನ ಒಳಗೆ ಮಾತ್ರ ಹೋಗೂದು. ನುಂಗ್ಬೇಡ, ನಾನು ನಳಿಕೆಯಿಂದ ಎಳ್ಕಣ್ತೆ."

ನಿಜ ಹೇಳಿದ್ದಕ್ಕೋ ಏನೋ, ಅಜ್ಜಿ ಸಮಾಧಾನದಿಂದ ಮಲಗಿದಳು. ಮಲಗಿದವಳಿಗೆ ಇನ್ನೊಂದು ಸಂಶಯ. "ಬಾವಿಗೆ ಹಾಕ್ದಾಗ ಎರಡು ದಿನ ನೀರು ಮುಟ್ಟೂಕಿಲ್ಲ ಅಂತ್ರು. ನಾ ಎಷ್ಟು ದಿನ ಬಾಯಿ ಮುಚ್ಕಂಡಿರ್ಬೇಕು?"

ನಾನು ಉತ್ತರಿಸುವ ಮೊದಲೇ ಸೊಸೆ ನನ್ನ ಕಿವಿಯ ಹತ್ತಿರ ಬಂದು ಕೈ ಮುಗಿದಳು. "ಹದಿನೈದು ದಿನ ಹೇಳಿ ಅಕ್ಕಾ, ನಿಮ್ಗೆ ಪುಣ್ಯ ಬರ್ತದೆ."

ಬಂಗಡೆಯ ಚೂರು

ತೊಳೆಯುವ ನೀರು ಬಾಟಲಿಯಲ್ಲಿ ಗಟ್ಟಿಯಾಗಿ ಬರುತ್ತದೆ. ಅದಕ್ಕೆ ನೀರು ಬೆರೆಸುವುದು ನನ್ನ ಕೆಲಸ. ಎಷ್ಟು ಬೆರೆಸಬೇಕೆಂಬುದು ಡಾಕ್ಟರು ಕೊನೆಯ ತರಬೇತಿಗೆ ಯಾವ ಊರಿಗೆ ಹೋಗಿದ್ದರು ಎಂಬುದರ ಮೇಲೆ. ಹುಬ್ಬಳ್ಳಿಯಿಂದ ಬಂದವರು, "ಬೆರೆಸಬೇಡ, ಗಟ್ಟಿಯೇ ಇರಲಿ, ಹುಳ ಪೂರ್ತಿ ಸಾಯ್ತದೆ" ಎಂದರು. ಆರು ತಿಂಗಳ ಮೇಲೆ ಗೋವೆಗೆ ಹೋಗಿ ಬಂದವರು, "ತೆಳು ಮಾಡು, ಮಾಂಸಕ್ಕೆ ಒಳ್ಳೇದು, ಜಾಸ್ತಿ ಸಲ ತೊಳೆದರೆ ಆಯ್ತು" ಎಂದರು. ನಡುವೆ ಬಂದ ರೋಗಿಗಳ ಮಾಂಸಕ್ಕೆ ಏನು ಒಳ್ಳೆಯದಾಗಿತ್ತೋ ನಾನು ಕೇಳಲಿಲ್ಲ.

ಹುಬ್ಬಳ್ಳಿಯ ಕಾಲದಲ್ಲೇ ಒಂದು ಮಧ್ಯಾಹ್ನ ಬಜಾರಿನಿಂದ ಮನೆಗೆಂದು ಬಂಗಡೆ ತಂದಿದ್ದೆ. ನನ್ನ ಹಲ್ಲಿನ ಚಿಂತೆ ತಲೆಯಲ್ಲಿತ್ತು. ಉಗುರಿನಷ್ಟು ಹಸಿ ಚೂರು ಕಿತ್ತು ಗಟ್ಟಿ ನೀರಿನ ಬಟ್ಟಲಿಗೆ ಹಾಕಿದೆ. ಮೊದಲು ನೊರೆ ಬಂತು. ಆಮೇಲೆ ಅಂಚು ಕರಗಿತು. ಚಹಾದ ಹೊತ್ತಿಗೆ ನೋಡಿದರೆ ಬಟ್ಟಲಲ್ಲಿ ಕೂದಲಿನಂಥ ಎರಡು ಮುಳ್ಳು, ಒಂದಿಷ್ಟು ಲೋಳೆ. ಬಂಗಡೆ ಇತ್ತೆನ್ನಲು ಸಾಕ್ಷಿ ನಾನೊಬ್ಬಳೇ.

ಬಟ್ಟಲನ್ನು ಡಾಕ್ಟರ ಮುಂದೆ ಹಿಡಿದೆ. ಈಗಲಾದರೂ ಹೆದರಿಯಾರು, ಸಿರಿಂಜು ನೋಡಿ ಹಿಡಿದಾರು ಎಂಬ ಆಸೆ.

ಡಾಕ್ಟರ ಮುಖ ಅರಳಿತು. "ನೋಡಿದ್ಯಾ! ಎಷ್ಟು ಚಂದ ಕೆಲಸ ಮಾಡ್ತದೆ! ನಿನ್ನ ಹಲ್ಲಿಗೂ ಇದೇ ಹಾಕುವಾ."

ಐಸು

ಕೋಡಿಬಾಗದ ಒಬ್ಬ ಗುಮಾಸ್ತರು. ಮೀನಿನ ಹೆಸರು ಕೇಳಿದರೂ ಮೂಗು ಮುಚ್ಚುವ ಮನೆಯವರು. ಅವರ ಮೇಲಿನ ಹಲ್ಲನ್ನು ತೊಳೆಯುತ್ತಿರುವಾಗ ಡಾಕ್ಟರ ಹೊಸ ಮೊಬೈಲು ಮೇಜಿನ ಮೇಲೆ ಕುಣಿಯತೊಡಗಿತು. ಆಗ ಮೊಬೈಲ್ ಬಂದ ಹೊಸತು, ಅದು ಕೂಗಿದರೆ ಎತ್ತದಿರುವುದು ಪಾಪವೆಂದು ಜನ ನಂಬಿದ್ದರು.

ನನ್ನ ಕಣ್ಣು ಸೂಜಿಯ ಮೇಲಿತ್ತು. ಸೂಜಿ ಬೇರಿನಲ್ಲಿ ಸಡಿಲವಾಗಿ ಆಡುತ್ತಿರಬೇಕು, ಹೊಕ್ಕ ನೀರು ಹಿಂದೆ ಬರಬೇಕು. ಈಗ ಬರುತ್ತಿರಲಿಲ್ಲ.

"ಸರ್, ಸೂಜಿ ಸಿಕ್ಕಂಡದೆ."

"ಹಾಂ ಹಾಂ, ಆಯ್ತು," ಎಂದು ಡಾಕ್ಟರು ಮೊಬೈಲಿನ ಕಡೆ ಕತ್ತು ತಿರುಗಿಸಿ ಸಿರಿಂಜನ್ನು ಒತ್ತಿಯೇ ಬಿಟ್ಟರು. ನೀರು ಬೇರಿನ ತುದಿ ದಾಟಿ ಹೋಯಿತು. ಗುಮಾಸ್ತರು ಕೂಗಿದ ಕೂಗಿಗೆ ಕೆಳಗಿನ ಅಂಗಡಿಯವರು ಹೊರಗೆ ಬಂದರು. ನಾವು ನೋಡುತ್ತಿದ್ದಂತೆಯೇ ಅವರ ಕೆನ್ನೆ ಉಬ್ಬಿತು, ಕಣ್ಣು ಮುಚ್ಚಿತು.

ಅಲ್ಲಿಂದ ಮುಂದೆ ಮಾತ್ರ ಡಾಕ್ಟರು ಸರಿಯಾಗಿ ನಡೆದುಕೊಂಡರು. ಸಲೈನ್ ನೀರಿನಿಂದ ಮತ್ತೆ ಮತ್ತೆ ತೊಳೆದರು, ನೋವಿನ ಔಷಧಿ ಕೊಟ್ಟರು, ತಪ್ಪಾಯಿತು ಎಂದರು. ಆಮೇಲೆ "ಐಸು! ಐಸು ತಾ!" ಎಂದು ನನ್ನ ಮೇಲೆ ಕೂಗಿದರು. ಕ್ಲಿನಿಕ್ಕಿನ ಫ್ರಿಜ್ಜು ಕೆಟ್ಟು ವಾರವಾಗಿತ್ತು. ಕಾರವಾರದಲ್ಲಿ ಕೇಳಿದ ಕೂಡಲೇ ಐಸು ಸಿಗುವ ಜಾಗ ಒಂದೇ, ಮೀನಿನ ಬಜಾರು. ಓಡಿದೆ. ಸುರಮಾಯಿ ಮಲಗಿಸಿದ್ದ ಪೆಟ್ಟಿಗೆಯಿಂದಲೇ ಒಂದು ಗಡ್ಡೆ ಎತ್ತಿಕೊಂಡು ಟವೆಲಿನಲ್ಲಿ ಸುತ್ತಿ ತಂದು ಅವರ ಕೆನ್ನೆಗೆ ಒತ್ತಿದೆ. ಒಂದು ಕಣ್ಣಿನಿಂದ ಅವರು ನನ್ನನ್ನು ನೋಡಿದ ನೋಟ ಇನ್ನೂ ಮರೆತಿಲ್ಲ.

ಬಾವು ಇಳಿಯಲು ಎರಡು ವಾರ ಹಿಡಿಯಿತು. ಮೂರನೆಯ ದಿನ ಗುಮಾಸ್ತರ ಹೆಂಡತಿ ಮಾತ್ರೆಗೆ ಬಂದಾಗ ನಾನು ಹೆದರುತ್ತಲೇ ವಿಚಾರಿಸಿದೆ. "ನೋವು ಕಡಿಮೆ ಅದೆ," ಎಂದರು ಆಕೆ, "ಬೆಕ್ಕುಗಳದ್ದೇ ಕಾಟ. ಓಣಿಯಿಂದ ಓಣಿಗೆ ಮೆರವಣಿಗೆ ಹೊರಡ್ತವೆ ಇವರ ಹಿಂದೆ."

ಮನೆಯ ವೈದ್ಯ

ಗುಮಾಸ್ತರ ಕೆನ್ನೆ ಉಬ್ಬಿದ ದಿನದಿಂದ ನಾನು ರೂಟ್ ಕೆನಾಲಿನ ಮಾತೇ ಬಿಟ್ಟೆ. ಲವಂಗ ಕಚ್ಚಿದೆ, ಉಪ್ಪುನೀರು ಮುಕ್ಕಳಿಸಿದೆ. ಬೇರೆ ಡಾಕ್ಟರ ಹತ್ತಿರ ಹೋಗೋಣವೆಂದರೆ, ನಮ್ಮ ಡಾಕ್ಟರ ಕೆಲಸದವಳೇ ಅಲ್ಲಿ ಬಾಯಿ ತೆರೆದಳೆಂದು ಊರೆಲ್ಲ ಸುದ್ದಿಯಾಗಿ, ಮರುದಿನ ನನಗೆ ಕೆಲಸವಿರುತ್ತಿರಲಿಲ್ಲ. "ಕಿತ್ತು ಒಗಿಯೇ ಅದನ್ನ," ಎಂದರು ಅತ್ತೆ. "ನಾ ಎಲ್ಲಾ ಕೀಳ್ಸಿದ್ದೆ. ನಂಗೆಂತ ಆಗದೆ ನೋಡು." ನೋಡಿದೆ. ಇಪ್ಪತ್ತೆಂಟರ ವಯಸ್ಸಿಗೇ ಆ ಬಾಯಿ ನನಗೆ ಬೇಡವಾಗಿತ್ತು.

ಒಂದು ದಿನ ಮಗಳು ನೀರು ಕೇಳಿದಳು, ಅಷ್ಟೇ. ಹಲ್ಲು ಸಿಡಿಯುತ್ತಿತ್ತು. ಅವಳ ಬೆನ್ನಿಗೆ ಹೊಡೆದುಬಿಟ್ಟೆ. ಮಗು ಅಳಲಿಲ್ಲ. ನನ್ನ ಕೆನ್ನೆ ಮುಟ್ಟಿ, "ಆಯಿ, ಹಲ್ಲಿಗೂ ಹೊಡಿ" ಅಂದಳು.

ಮರುದಿನ ಡಾಕ್ಟರಿಗೆ, "ಇವತ್ತು ಕೂರ್ತೆ ಸರ್" ಎಂದೆ.

ನನ್ನ ಸರದಿ

ಸಿರಿಂಜು ತುಂಬಿದವಳು ನಾನೇ. ಟ್ರೇಯಲ್ಲಿ ಜೋಡಿಸಿದವಳು ನಾನೇ. ಆಮೇಲೆ ಮಲಗಿ ಟ್ರೇಯನ್ನು ಹೊಟ್ಟೆಯ ಮೇಲಿಟ್ಟುಕೊಂಡು ಒಂದು ಕೈಯಲ್ಲಿ ಹಿಡಿದೆ. ಇನ್ನೊಂದು ಕೈಯಲ್ಲಿ ನನ್ನದೇ ಉಗುಳು ಎಳೆಯುವ ನಳಿಕೆ. ತನ್ನ ಬಾಣಂತನ ತಾನೇ ಮಾಡಿಕೊಂಡ ಹಾಗೆ.

"ಸರ್, ನೋಡಿ ತಕ್ಕಳಿ," ಎಂದು ಮೂರು ಸಲ ಹೇಳಿದೆ. "ನಂಗೆ ಗೊತ್ತಿಲ್ವ?" ಎಂದರು ಅವರು. ನಿಂತಾಗ ನನಗೆ ಟ್ರೇಯೆಲ್ಲ ಕಾಣುತ್ತದೆ. ಮಲಗಿದ ಮೇಲೆ ಕಂಡದ್ದು ಡಾಕ್ಟರ ಮೂಗಿನ ಹೊಳ್ಳೆ ಮಾತ್ರ.

ಮೊದಲ ಚುಚ್ಚು ಸರಿಯಾಯಿತು. ತುಟಿ ದಪ್ಪಗಾಯಿತು. ಹಲ್ಲು ಕೊರೆದರು, ಒಂದು ಸಲ ತೊಳೆದರು, ಸಿರಿಂಜನ್ನು ಟ್ರೇಗೆ ಎಸೆದರು. ಒಳಗಿನ ನರಕ್ಕೆ ಏನೋ ತಗುಲಿ ನಾನು "ಆಂ" ಎಂದೆ.

"ನೋವಾ? ತಡಿ, ಇನ್ನೊಂಚೂರು ಮರಗಟ್ಟಿಸ್ತೆ."

ಹಲ್ಲಿನಿಂದ ಕಣ್ಣು ತೆಗೆಯದೆ ಕೈ ನನ್ನ ಹೊಟ್ಟೆಯ ಮೇಲೆ ತಡಕಾಡಿ ಒಂದು ಸಿರಿಂಜು ಎತ್ತಿತು. ಅದು ಮೂಗಿನ ಮುಂದೆ ಹಾದುಹೋಗುವಾಗ ವಾಸನೆ ಬಂತು. ತೊಳೆಯುವ ನೀರು. ಒಸಡಿಗೆ ಹೊರಟಿತ್ತು.

"ಆಂ! ಆಂ ಆಂ!" ಎಂದು ಕೂಗಿದೆ.

"ಅದಕ್ಕೇ ಮಾರಾಯ್ತಿ, ನೋವು ಹೋಗೂಕೇ ಕೊಡ್ತಿದ್ದೆ."

ನಾನು ಕೂಗಿದಷ್ಟೂ ಅವರಿಗೆ ನನ್ನ ಮೇಲೆ ಕರುಣೆ ಹೆಚ್ಚಿ, ಕೈ ಬೇಗ ಬೇಗ ಬಂತು. ನನ್ನ ಎರಡೂ ಕೈ ಕೆಲಸದಲ್ಲಿದ್ದವು. ಖಾಲಿ ಇದ್ದದ್ದು ಬಲಗಡೆಯ ಹಲ್ಲುಗಳು, ಅವುಗಳ ನಡುವೆ ನಾಲಿಗೆ ಸರಿಸಿ ಹಿಡಿದಿದ್ದ ಡಾಕ್ಟರ ಎಡಗೈ ಬೆರಳಿತ್ತು. ಆರು ವರ್ಷದ್ದೆಲ್ಲ ಸೇರಿಸಿ ಕಚ್ಚಿದೆ.

ಡಾಕ್ಟರು ಕುಣಿದರು. ಟ್ರೇ ಬಿತ್ತು. ಅವರು ಬೆರಳು ಹಿಡಿದುಕೊಂಡು "ಕಚ್ಚಿದ್ಲು, ಕಚ್ಚಿದ್ಲು" ಎನ್ನುತ್ತ ಕಾಯುವವರ ನಡುವೆಯೇ ನೀರಿನ ನಲ್ಲಿಗೆ ಓಡಿದರು. ಬೆರಳಿಗೆ ಪಟ್ಟಿ ಸುತ್ತಿಕೊಂಡು, ನನ್ನನ್ನು ಬಯ್ಯಲೆಂದೇ ಒಳಗೆ ಬಂದರು. ಬಾಯಿ ತೆರೆದವರು ಹಾಗೆಯೇ ನಿಂತರು. ಸಿರಿಂಜಿನಿಂದ ಚಿಮ್ಮಿದ ನೀರು ಅವರ ಹೊಸ ನೀಲಿ ಪ್ಯಾಂಟಿನ ತೊಡೆಗೆ ಬಿದ್ದಿತ್ತು. ಅಲ್ಲಿ ಬಣ್ಣ ಹೋಗಿ ಅಂಗೈಯಗಲ ಬೆಳ್ಳಗಾಗಿತ್ತು. ಮರಗಟ್ಟಿಸುವ ಔಷಧಿ ಬಟ್ಟೆಯ ಬಣ್ಣ ತೆಗೆಯುವುದಿಲ್ಲ ಎಂಬುದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತು.

ಡಾಕ್ಟರು ಸ್ಟೂಲಿನ ಮೇಲೆ ಕೂತರು. ಆಮೇಲೆ ಎದ್ದು, ತಾವೇ ಹೊಸದಾಗಿ ಎರಡು ಸಿರಿಂಜು ತುಂಬಿದರು, ದೀಪಕ್ಕೆ ಹಿಡಿದು ನೋಡಿದರು, ಮೂಸಿದರು. "ಇದು ಮರಗಟ್ಟಿಸೂದು, ಹೌದಲ್ಲ?" ನಾನು ತಲೆಯಾಡಿಸಿದೆ. "ಇದು ತೊಳಿಯೂದು?" ತಲೆಯಾಡಿಸಿದೆ. ಮಗ್ಗಿ ಒಪ್ಪಿಸುವ ಹುಡುಗನ ಹಾಗೆ ಪ್ರತಿ ಸಲವೂ ತೋರಿಸಿ ತೋರಿಸಿ ಕೆಲಸ ಮುಗಿಸಿದರು. ಹಲ್ಲು ಉಳಿಯಿತು.

ಅರ್ಧ ಮುಖ ಸತ್ತಂತೆ ಇಟ್ಟುಕೊಂಡು ಹೊರಗೆ ಬಂದೆ. ಕಾಯುತ್ತಿದ್ದ ಎಂಟು ಜನರಲ್ಲಿ ಏಳು ಜನ ಓಡಿಹೋಗಿದ್ದರು. ಕದ್ವಾಡದ ಮುದುಕರೊಬ್ಬರು ಮಾತ್ರ ಕೂತಿದ್ದರು, ನಾಲ್ಕನೆಯ ಸಲ ಬಂದವರು. ನನ್ನನ್ನು ಮೇಲಿಂದ ಕೆಳಗೆ ನೋಡಿ, ಬಹಳ ಬೇಸರದಿಂದ ಹೇಳಿದರು:

"ಎಂತ ತಂಗಿ ನೀನು. ಇಲ್ಲಿ ಕಚ್ಚೂಕೆ ಅಡ್ಡಿಲ್ಲ ಅಂತ ಮೊದಲ್ನೇ ಸಲವೇ ಹೇಳೂಕಾಗ್ಲಿಲ್ಲನ?"