ವೆರಾಳ ಕೈರುಚಿ

ಶುಕ್ರವಾರ ಸಂಜೆ ಮೊಯ್ರಾಳ ಚಹಾದಂಗಡಿಯಲ್ಲಿ ಡೆಸ್ಮಂಡ್ ಕೀನನ್ ಬಾಯಿ ಮುಚ್ಚಿಕೊಂಡು ಚಹಾ ಕುಡಿದಿದ್ದರೆ ಅವನ ಶನಿವಾರ ಅವನ ಕೈಯಲ್ಲೇ ಇರುತ್ತಿತ್ತು. ಆದರೆ ಮೊಯ್ರಾ ಅವನ ತಟ್ಟೆಯಲ್ಲಿ ಒಂದು ಬಿಸ್ಕತ್ತು ಇಟ್ಟಳು. ಊರಿನ ಗೈಡ್ ಹುಡುಗಿಯರು ತಮ್ಮ ದಳದ ಖರ್ಚಿಗಾಗಿ ಮನೆಮನೆಗೆ ಹೋಗಿ ಮಾರುವ ಪೊಟ್ಟಣದ ಬಿಸ್ಕತ್ತು ಅದು. ಡೆಸ್ಮಂಡ್ ಕಚ್ಚಿದ, ಅಗಿದ, ನಿಟ್ಟುಸಿರು ಬಿಟ್ಟ.

"ಇದೂ ಒಂದು ಬಿಸ್ಕತ್ತೇನೇ ಮೊಯ್ರಾ? ಆಗ ನಮ್ಮಮ್ಮ ಈ ಹುಡುಗೀರಿಗೋಸ್ಕರ ಗೈಡ್ ಹಾಲ್‌ನಲ್ಲಿ ಬೇಯಿಸ್ತಿದ್ಲಲ್ಲ, ಅದು ಬಿಸ್ಕತ್ತು! ನನ್ನ ಕಣ್ಣು ಕಟ್ಟಿ ಬಿಡು, ಹಾಗೇ ಮಾಡಿ ತೋರಿಸ್ತೀನಿ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ರಾಟಾ ಕ್ರೀಕ್ ಊರಲ್ಲಿ ಸುದ್ದಿ ಹರಡಲು ಫೋನು ಬೇಡ, ಮೊಯ್ರಾ ಸಾಕು.

ಮರುದಿನ ಬೆಳಿಗ್ಗೆ ಡೆಸ್ಮಂಡ್ ಮೊಣಕಾಲುದ್ದದ ರಬ್ಬರ್ ಬೂಟು ತೊಟ್ಟು, ಬಲೆ ಹೆಗಲಿಗೇರಿಸಿ ಬಾಗಿಲು ತೆಗೆದ. ವೈಟ್‌ಬೇಟ್ ಮೀನಿನ ಹಂಗಾಮಿನ ಮೊದಲ ಶನಿವಾರ ಅದು. ಬೆರಳುದ್ದದ, ಗಾಜಿನ ಎಳೆಯಂಥ ಆ ಮೀನು ಕಡಲಿನ ಉಬ್ಬರದ ಜೊತೆ ಹೊಳೆಗೆ ನುಗ್ಗುತ್ತದೆ. ವರ್ಷವಿಡೀ ಶಾಲೆಯ ಬಸ್ಸು ಓಡಿಸುತ್ತ, ಹಿಂದಿನ ಸೀಟಿನ ಗಲಾಟೆ ಕೇಳುತ್ತ ಬದುಕುವ ಡೆಸ್ಮಂಡನಿಗೆ ಆ ದಿನವೇ ಹಬ್ಬ. ಹೊಳೆ ತಿರುಗುವಲ್ಲಿ ಕಪ್ಪು ಬಂಡೆಯ ಪಕ್ಕ ಅವನ ಜಾಗ. ಮಧ್ಯಾಹ್ನ ಉಬ್ಬರ ಏರುವಾಗ ಅವನು ಅಲ್ಲಿರದಿದ್ದರೆ ಬ್ಯಾರಿ ಬಂದು ಬಲೆ ಇಳಿಸುತ್ತಾನೆ. ಆ ಶನಿವಾರ ಯಾರು ನಿಂತರೋ ಜಾಗ ಅವರದು, ಹಂಗಾಮಿನ ಕೊನೆಯತನಕ. ಇದು ಆ ಹೊಳೆಯ ಕಾನೂನು.

ಬಾಗಿಲ ಹೊರಗೆ ಮೂರು ಜನ ನಿಂತಿದ್ದರು. ಗೈಡ್ ದಳವನ್ನು ಮೂರು ತಲೆಮಾರು ಸಾಕಿದ ಮುದುಕಿ ನೈರಿ, ಕೋಲೂರಿಕೊಂಡು. ಹಿಟ್ಟಿನ ಚೀಲ ತಬ್ಬಿಕೊಂಡ ಮೊಯ್ರಾ. ಪಕ್ಕದ ಮನೆಯ ಟ್ರೆವರ್, ಕೈಯಲ್ಲಿ ಸ್ಪ್ಯಾನರು. ಟ್ರೆವರ್ ಫ್ರಿಜ್ಜು ರಿಪೇರಿ ಮಾಡುತ್ತಿದ್ದವನು. ನಿವೃತ್ತನಾದ ಮೇಲೆ ಊರಿನಲ್ಲಿ ಸರಿಯಾಗಿರುವುದನ್ನೆಲ್ಲ ರಿಪೇರಿ ಮಾಡುತ್ತಿದ್ದಾನೆ.

"ಹಾಲ್‌ನ ಹಳೇ ಒಲೆ ಹೊತ್ತಿಸಿಬಿಟ್ಟೆ ಕಣೋ ಡೆಸ್!" ಎಂದ ಟ್ರೆವರ್.

"ಊರೆಲ್ಲಾ ಸಾರಿದೀನಿ. ನಿಮ್ಮಮ್ಮ ವೆರಾಳ ಬಿಸ್ಕತ್ತು ಅಂದ ತಕ್ಷಣ ಜನ ಬಾಯಲ್ಲಿ ನೀರು ಸುರಿಸ್ತಿದಾರೆ," ಎಂದಳು ಮೊಯ್ರಾ.

"ಆದ್ರೆ ನಾನು ಹೊಳೆಗೆ…"

"ಹಾಲ್ ಚಾವಣಿ ಸೋರ್ತಿದೆ ಮಗಾ," ನೈರಿ ಮೆಲ್ಲಗೆ ಹೇಳಿದಳು. "ಹುಡುಗೀರು ಬಕೆಟ್ಟುಗಳ ಮಧ್ಯೆ ಗಂಟು ಕಟ್ಟೋದು ಕಲೀತಿದಾರೆ. ಪೊಟ್ಟಣದ ಬಿಸ್ಕತ್ತು ಯಾರಿಗೂ ಬೇಡವಾಗಿದೆ. ನಿಮ್ಮಮ್ಮಂದು ಇದ್ದಾಗ ಜನ ಸೇತುವೆವರೆಗೂ ಸಾಲು ನಿಲ್ತಿದ್ರು."

ಅಮ್ಮನ ಹೆಸರು ಬಂದಮೇಲೆ ಡೆಸ್ಮಂಡ್ ಬಲೆ ಕೆಳಗಿಟ್ಟ. ಬೂಟು ಮಾತ್ರ ಬಿಚ್ಚಲಿಲ್ಲ.

ಹಾಲ್‌ನ ಅಡುಗೆಮನೆಯಲ್ಲಿ ಕಲ್ಲಿದ್ದಲಿನ ಹಳೇ ಒಲೆ ಬುಸುಗುಟ್ಟುತ್ತಿತ್ತು. ಡೆಸ್ಮಂಡನಿಗೆ ಹದ ನಿಜಕ್ಕೂ ಗೊತ್ತಿತ್ತು. ಓಟ್ಸು, ಬೆಣ್ಣೆ, ಚಿಟಿಕೆ ಸೋಡಾ, ಮೇಲೆ ಧಾರಾಳವಾಗಿ ಕಾಕಂಬಿ. ಅಮ್ಮನ ಬಿಸ್ಕತ್ತು ಕಪ್ಪಗಿರುತ್ತಿದ್ದದ್ದು ಕಾಕಂಬಿಯಿಂದಲೇ ಎಂದು ಊರೆಲ್ಲ ನಂಬಿತ್ತು. ಅವನು ನಾದಿದ, ತಟ್ಟಿದ, ಬೇಯಿಸಿದ. ಮೊದಲ ತಟ್ಟೆ ಹೊರಬಂತು, ಒಂದೊಂದೂ ಬಂಗಾರದ ಬಿಲ್ಲೆ.

ಎಲ್ಲರೂ ತಿಂದರು.

"ಚೆನ್ನಾಗಿದೆ," ಎಂದಳು ಮೊಯ್ರಾ, ಹೆಣ್ಣು ನೋಡಲು ಬಂದವರು ಉಪ್ಪಿಟ್ಟಿನ ಬಗ್ಗೆ ಹೇಳುವ ಹಾಗೆ. "ಆದ್ರೆ ಏನೋ ಒಂದು ಕಮ್ಮಿ."

"ಉಪ್ಪು," ಎಂದ ಟ್ರೆವರ್.

"ಥೂ, ಉಪ್ಪಲ್ಲ. ಚಕ್ಕೆ," ಎಂದಳು ಮೊಯ್ರಾ.

ನೈರಿ ತುಂಡನ್ನು ಚಹಾದಲ್ಲಿ ಅದ್ದಿ ತಿಂದು, ಕಿಟಕಿಯಾಚೆ ಹೊಳೆ ನೋಡಿದಳು. ಆಮೇಲೆ, "ಆ ರುಚಿ ಸಿಗೋವರೆಗೂ ಮಾಡ್ತಾನೇ ಇರು ಮಗಾ. ಸಿಕ್ಕಿಬಿಟ್ರೆ ಪ್ರತಿ ವರ್ಷ ಇದೇ ಶನಿವಾರ ಈ ಒಲೆ ನಿಂದೇ," ಎಂದಳು.

ಡೆಸ್ಮಂಡ್ ಲೆಕ್ಕ ಹಾಕಿದ. ರುಚಿ ಸಿಗದಿದ್ದರೆ ಇವತ್ತಿನ ಉಬ್ಬರ ಹೋಯಿತು, ಸಿಕ್ಕರೆ ಜನ್ಮದ ಉಬ್ಬರಗಳೆಲ್ಲ ಹೋದವು. ಅತ್ತ ದರಿ, ಇತ್ತ ಪುಲಿ. ಮಧ್ಯದಲ್ಲಿ ಒಂದೇ ಒಂದು ದಾರಿ ಕಂಡಿತು. ಒಂದು ತಟ್ಟೆಯನ್ನು ಕರ್ರಗೆ ಸುಟ್ಟುಬಿಟ್ಟರೆ? 'ಅಯ್ಯೋ, ಇವನ ಕೈಲಾಗಲ್ಲ' ಅಂತ ಇವರೇ ಕತ್ತು ಹಿಡಿದು ಹೊಳೆಗೆ ಕಳಿಸುತ್ತಾರೆ. ಮಾರಲು ಮೊದಲಿನ ಒಳ್ಳೆಯ ತಟ್ಟೆಯಿದೆ, ಹುಡುಗಿಯರಿಗೆ ನಷ್ಟವಿಲ್ಲ. ಅಮ್ಮನ ಹೆಸರೂ ಉಳಿಯಿತು, ಕೆಡುವುದು ತನ್ನದೊಂದೇ. ಅದು ಹೇಗೂ ಅಷ್ಟಕ್ಕಷ್ಟೇ.

ಆದರೆ ಪರೋಪಕಾರಿಗಳ ನಡುವೆ ಬಿಸ್ಕತ್ತು ಸುಡುವುದು ಎಷ್ಟು ಕಷ್ಟವೆಂದು ಸುಡಲು ಹೋದವನಿಗೇ ಗೊತ್ತು.

ಅವನು ಒಲೆಗೆ ಎರಡು ಸಲಿಕೆ ಕಲ್ಲಿದ್ದಲು ಹೆಚ್ಚಿಗೆ ಸುರಿದ. ಟ್ರೆವರ್ ಓಡಿಬಂದು ಒಲೆಯ ಗಾಳಿಯ ಬಾಗಿಲು ಮುಚ್ಚಿ ಉರಿ ತಗ್ಗಿಸಿದ. "ಬೆಂಕಿ ಕೆಲಸ ನಂಗೆ ಬಿಡೋ. ನೀನು ಕೈರುಚಿ ನೋಡ್ಕೋ."

ಟ್ರೆವರನನ್ನು ಕಲ್ಲಿದ್ದಲು ತರಲು ಅಟ್ಟಿದ. ಅಷ್ಟರಲ್ಲಿ ಮೊಯ್ರಾ ಒಳಗೆ ಬಂದು, ಹದವಾಗಿ ಬೆಂದ ತಟ್ಟೆಯನ್ನು ಸೆರಗಿಲ್ಲದ ಕಾರಣ ತನ್ನ ಟೊಪ್ಪಿಯಲ್ಲೇ ಹಿಡಿದು ಹೊರಗೆಳೆದಳು. "ನಾನಿಲ್ದೇ ಇದ್ದಿದ್ರೆ ಸುಟ್ಟು ಹೋಗ್ತಿತ್ತಲ್ಲೋ!"

"ನಿನ್ನ ಋಣ ಹೇಗೆ ತೀರಿಸ್ಲಿ ಮೊಯ್ರಾ," ಎಂದ ಡೆಸ್ಮಂಡ್, ಹಲ್ಲು ಕಡಿಯುತ್ತ.

ಮೂರನೆಯ ಸಲ ಗೈಡ್ ಹುಡುಗಿಯರು ಸಾಲಾಗಿ ಒಲೆಯ ಮುಂದೆ ಕೂತು, ಗಡಿಯಾರ ಹಿಡಿದು ಒಕ್ಕೊರಲಿನಿಂದ ಕೂಗಿದರು: "ಅಂಕಲ್, ತೆಗೀರಿ!" ತೆಗೆಯದೆ ಏನು ಮಾಡುತ್ತಾನೆ? ತಟ್ಟೆಗಳ ಮೇಲೆ ತಟ್ಟೆ ಬಂಗಾರದ ಬಿಲ್ಲೆಗಳು ರಾಶಿ ಬೀಳುತ್ತಿದ್ದವು. 'ಏನೋ ಕಮ್ಮಿ, ಏನೋ ಕಮ್ಮಿ' ಎಂದು ಊರು ಅವನ್ನು ತಿನ್ನುತ್ತಲೇ ಇತ್ತು. ಕಿಟಕಿಯಾಚೆ ಹೊಳೆಯ ನೀರು ಕಲ್ಲುಗಳನ್ನು ಮುಳುಗಿಸುತ್ತ ಏರುತ್ತಿತ್ತು.

ಆಗ ದೇವರು ವೇಕಾ ಹಕ್ಕಿಯ ರೂಪದಲ್ಲಿ ಬಂದ. ವೇಕಾ ಹಾರಲಾರದ ಹಕ್ಕಿ, ಕದಿಯಲು ಮಾತ್ರ ನಿಸ್ಸೀಮ. ಅದು ಹಿತ್ತಿಲ ಬಾಗಿಲಿನಿಂದ ಇಣುಕಿ, ಮೊಯ್ರಾ ಬೆಂಚಿನ ಮೇಲಿಟ್ಟಿದ್ದ ಕಾರಿನ ಬೀಗದ ಕೈ ಕಚ್ಚಿಕೊಂಡಿತು. ಡೆಸ್ಮಂಡ್ ನೋಡಿದ. ವೇಕಾ ಅವನನ್ನು ನೋಡಿತು. ಅದು ಅಂಗಳ ದಾಟುವತನಕ ಕಾದು ಅವನು ಅರಚಿದ:

"ಹೋಯ್! ವೇಕಾ! ಮೊಯ್ರಾ, ನಿನ್ನ ಕೀ!"

ಇಡೀ ಹಾಲ್ ಎದ್ದು ಓಡಿತು. ಮುಂದೆ ವೇಕಾ, ಹಿಂದೆ ಮೊಯ್ರಾ, ಅವಳ ಹಿಂದೆ ಸ್ಪ್ಯಾನರು ಬೀಸುತ್ತ ಟ್ರೆವರ್, ಸೀಟಿ ಊದುತ್ತ ಹುಡುಗಿಯರು. ಡೆಸ್ಮಂಡ್ ಗಾಳಿಯ ಬಾಗಿಲು ಪೂರ್ತಿ ತೆರೆದ, ತಟ್ಟೆ ಒಳಗೆ ತಳ್ಳಿದ, ಒಲೆಗೆ ಬೆನ್ನು ಕೊಟ್ಟು ಕೈಕಟ್ಟಿ ನಿಂತ. ಪ್ಯಾಂಟಿನ ಹಿಂಭಾಗ ಬೆಚ್ಚಗಾಯಿತು, ಬಿಸಿಯಾಯಿತು, ಸುಡತೊಡಗಿತು. ಅವನು ಅಲುಗಲಿಲ್ಲ. ಹೊಗೆ ಕಣ್ಣಿಗೆ ಬಂದಾಗ ಮುಗುಳ್ನಕ್ಕ.

ಬೀಗದ ಕೈ ಗೆದ್ದು ಎಲ್ಲರೂ ಏದುಸಿರು ಬಿಡುತ್ತ ಮರಳಿದಾಗ ಮೇಜಿನ ಮೇಲೆ ತಟ್ಟೆಯಿತ್ತು. ಬಿಸ್ಕತ್ತುಗಳ ತಳ ಇದ್ದಲು, ಮೇಲೆ ಕಾಫಿ ಬಣ್ಣ.

"ನೋಡಿ, ಸೀದು ಹೋಯ್ತು," ಡೆಸ್ಮಂಡ್ ಏಪ್ರನ್ ಬಿಚ್ಚಿದ. ದನಿಯಲ್ಲಿ ಆದಷ್ಟು ದುಃಖ ತುಂಬಿದ. "ಅಮ್ಮನ ಕೈ ನಂಗೆಲ್ಲಿ ಬರ್ಬೇಕು? ನನ್ನಿಂದಾಗಲ್ಲ. ನಾನು ಹೊರಟೆ."

ನೈರಿ ಕೋಲೂರುತ್ತ ಬಂದು ಒಂದು ಕರಿಕಲನ್ನು ಎತ್ತಿಕೊಂಡಳು. ಚಹಾದಲ್ಲಿ ಅದ್ದಿದಳು. ಬಾಯಿಗಿಟ್ಟಳು. ಅವಳ ಕಣ್ಣು ತುಂಬಿ ಬಂತು.

"ವೆರಾ," ಎಂದಳು.

ಮೊಯ್ರಾ ಒಂದು ಕಚ್ಚಿದಳು. "ಅಯ್ಯೋ ದೇವರೇ. ಇದೇ! ನಂಗೆ ಏಳು ವರ್ಷ, ಕೆಂಪು ಕೋಟು ಹಾಕ್ಕೊಂಡು ಸಾಲಲ್ಲಿ ನಿಂತಿದೀನಿ ಕಣ್ರೋ!"

ಟ್ರೆವರ್ ತಿಂದು ಗೋಡೆಯ ಕಡೆ ತಿರುಗಿಕೊಂಡ. ಸ್ಪ್ಯಾನರಿನಿಂದ ಮೂಗು ಒರೆಸಿಕೊಳ್ಳಲು ನೋಡಿ, ಆಗದೆ ತೋಳಿನಿಂದ ಒರೆಸಿಕೊಂಡ.

ಡೆಸ್ಮಂಡನೂ ಒಂದು ತುಂಡು ಬಾಯಿಗೆ ಹಾಕಿಕೊಂಡ. ಕಹಿ, ಆಮೇಲೆ ಸಿಹಿ, ಆಮೇಲೆ ಹೊಗೆ. ಅಮ್ಮ ಸಂಜೆ ಮನೆಗೆ ಬಂದು ಏಪ್ರನ್ನಿನ ಜೇಬಿನಿಂದ ಅವನಿಗೆಂದು ತೆಗೆದುಕೊಡುತ್ತಿದ್ದದ್ದು ಇದೇ. ಅವಳ ಕೂದಲಿನ ಕಲ್ಲಿದ್ದಲಿನ ವಾಸನೆ ಕೂಡ ಬಂದ ಹಾಗಾಯಿತು. ಅವಳು ಹೋಗಿ ಎಷ್ಟೋ ಕಾಲದ ಮೇಲೆ, ಬೂಟು ತೊಟ್ಟು ಓಡಲು ನಿಂತವನು ಅಲ್ಲೇ ಕುರ್ಚಿಯ ಮೇಲೆ ಕೂತು ಅತ್ತುಬಿಟ್ಟ.

ಹೊರಗೆ ಆಗಲೇ ಸಾಲು ಬೆಳೆಯುತ್ತಿತ್ತು. ಉಳಿದ ಬಂಗಾರದ ಬಿಲ್ಲೆಗಳನ್ನು ಈಗ ಯಾರೂ ಮೂಸಲಿಲ್ಲ. ಅವು ಬಾತುಕೋಳಿಗಳ ಪಾಲಾದವು.

ನೈರಿ ಅವನ ಪಕ್ಕ ಕೂತಳು. "ನಂಗೆ ಬೆಳಿಗ್ಗೇನೇ ಗೊತ್ತಿತ್ತು ಕಣೋ, ಏನು ಕಮ್ಮಿ ಅಂತ."

"ಮತ್ತೆ ಹೇಳ್ಬಾರ್ದಿತ್ತಾ?"

"'ಸುಡು' ಅಂದ್ರೆ ಯಾರಾದ್ರೂ ಇಷ್ಟು ಚೆನ್ನಾಗಿ ಸುಡ್ತಾರಾ? ಮನಸ್ಸಿಟ್ಟು ಸುಡ್ಬೇಕು. ಹಾಗೆ ಸುಟ್ಟಿದ್ದು ನಿಮ್ಮಮ್ಮ ಒಬ್ಬಳೇ. ಮೊದಲ ವರ್ಷ ಅವಳೂ ರಬ್ಬರ್ ಬೂಟು ಹಾಕ್ಕೊಂಡೇ ಒಲೆ ಮುಂದೆ ನಿಂತಿದ್ಲು. ಕಪ್ಪು ಬಂಡೆ ಪಕ್ಕದ ಜಾಗ ಆಗ ಯಾರ್ದು ಅಂದ್ಕೊಂಡೆ? ಅವಳ್ದೇ. 'ಹಂದಿ ಬಂತು, ಹಂದಿ ಬಂತು' ಅಂತ ಕೂಗಿ ನಮ್ಮನ್ನೆಲ್ಲಾ ಓಡಿಸಿ, ಒಲೆಗೆ ಬೆನ್ನು ಕೊಟ್ಟು ನಿಂತಿದ್ಲು. ಥೇಟ್ ನಿನ್ ಥರಾನೇ. ಆಗ್ಲೂ ಕಿಟಕಿಯಿಂದ ನೋಡ್ದೆ, ಇವತ್ತೂ ನೋಡ್ದೆ."

ಡೆಸ್ಮಂಡ್ ಬಾಯಿ ತೆರೆದುಕೊಂಡು ನೋಡಿದ. ನೂಲಿನಂತೆ ಸೀರೆ, ತಾಯಿಯಂತೆ ಮಗಳು ಅನ್ನುತ್ತಾರೆ. ವೆರಾಳಿಗೆ ಮಗಳಿರಲಿಲ್ಲ.

"ಆಮೇಲೆ?"

"ಆಮೇಲೇನು? ಮೂವತ್ತು ವರ್ಷ ಇಲ್ಲೇ ನಿಂತ್ಲು."

ಅಷ್ಟರಲ್ಲಿ ಬ್ಯಾರಿ ಬಂದ. ಕೈಯಲ್ಲಿದ್ದ ಬಕೆಟ್ಟಿನ ತುಂಬ ವೈಟ್‌ಬೇಟ್ ಮಿಲಮಿಲ ಎನ್ನುತ್ತಿತ್ತು. "ನಿನ್ನ ಬಂಡೆ ಹತ್ರ ಎಂಥಾ ಮೀನೋ ಮಾರಾಯ! ಇನ್ನು ಈ ಹಂಗಾಮು ನಾನು ಅಲ್ಲೇ. ಎಲ್ಲಿ, ನಂಗೂ ಒಂದು ಡಬ್ಬಿ ಕೊಡು. ಚೆನ್ನಾಗಿ ಕಪ್ಪಗಿರೋದು ನೋಡಿ ಕೊಡು."

ಡೆಸ್ಮಂಡ್ ಕೊನೆಯ ಪ್ರಯತ್ನ ಮಾಡಿದ. ಗೈಡ್ ಹುಡುಗಿಯರನ್ನು ಕರೆದು ಏಪ್ರನ್ ಕೊಟ್ಟ. ಹಿಟ್ಟು ತೋರಿಸಿದ, ಕಾಕಂಬಿ ತೋರಿಸಿದ, ಗಾಳಿಯ ಬಾಗಿಲು ತೆರೆಯುವುದನ್ನು ತೋರಿಸಿದ. "ಇನ್ನು ಮೇಲೆ ನೀವೇ ಮಾಡಿ ಮಕ್ಕಳೇ. ಸುಟ್ಟರೂ ಪರವಾಗಿಲ್ಲ. ಸುಡ್ಲೇಬೇಕು."

ಹುಡುಗಿಯರು ತುಂಬ ಶ್ರದ್ಧೆಯಿಂದ ಕಲಸಿದರು. ತುಂಬ ಶ್ರದ್ಧೆಯಿಂದ ಗಡಿಯಾರ ನೋಡಿದರು. ತಟ್ಟೆ ಹೊರಬಂತು. ಒಂದಾದರೂ ಸುಟ್ಟಿರಲಿಲ್ಲ, ಎಲ್ಲ ಬಂಗಾರದ ಬಿಲ್ಲೆಗಳು.

ಸಾಲಿನಲ್ಲಿದ್ದ ಜನ ಅದನ್ನು ಕಂಡು ತಲೆಯಾಡಿಸಿದರು.

"ಪಾಪ, ಇನ್ನೂ ಎಳೇ ಮಕ್ಕಳು," ಎಂದಳು ಮೊಯ್ರಾ. "ನಿಧಾನವಾಗಿ ಕಲೀತಾರೆ ಬಿಡಿ. ಎಷ್ಟು ವರ್ಷ ಬೇಕಾದ್ರೂ ಆಗ್ಲಿ, ಡೆಸ್ ಇದಾನಲ್ಲ."

ಮಳೆ ಶುರುವಾಯಿತು. ಚಾವಣಿಯಿಂದ ಒಂದು ಹನಿ ಬಕೆಟ್ಟಿಗೆ ಟಪ್ಪೆಂದು ಬಿತ್ತು. ಬಿಸ್ಕತ್ತಿನ ದುಡ್ಡಿದೆ, ಬರುವ ವರ್ಷ ಬೀಳುವುದಿಲ್ಲ ಎಂದು ಹುಡುಗಿಯರು ಕುಣಿದಾಡಿದರು. ಡೆಸ್ಮಂಡ್ ಬೂಟು ಬಿಚ್ಚಿ ಮೂಲೆಗಿಟ್ಟು, ಅಮ್ಮನ ಒಲೆಗೆ ಒಂದು ಸಲಿಕೆ ಕಲ್ಲಿದ್ದಲು ಸುರಿದು, ಬೆನ್ನು ಕೊಟ್ಟು ನಿಂತ.