ನಾಲ್ಕು ಕೋಣೆ, ಒಂದು ಕೋಣ

ನಮ್ಮ ಮನೆಗೆ ಇನ್ನೆರಡು ಮಲಗುವ ಕೋಣೆ ಸೇರಿಸೋಣ ಎಂದು ಮೊದಲು ಬಾಯಿಬಿಟ್ಟವನು ನಾನೇ. ಬೇರೆ ಯಾವ ವಿಷಯದಲ್ಲೂ ಒಮ್ಮತಕ್ಕೆ ಬಾರದ ನನ್ನ ಮನೆಯವರು ಇದೊಂದರಲ್ಲಿ ಮಾತ್ರ ಒಗ್ಗಟ್ಟಾಗಿ ನನ್ನ ಕಡೆ ಬೆರಳು ತೋರಿಸುತ್ತಾರೆ. ತೋರಿಸಲಿ. ಬೆರಳು ತೋರಿಸುವುದಕ್ಕೆ ಹೆಚ್ಚು ಜಾಗ ಬೇಕಾಗುವುದಿಲ್ಲ.

ಇದ್ದದ್ದು ಎರಡು ಕೋಣೆ. ಒಂದರಲ್ಲಿ ನಾನು, ನನ್ನ ಹೆಂಡತಿ. ಇನ್ನೊಂದರಲ್ಲಿ ನನ್ನ ತಾಯಿ, ನನ್ನ ಮಗಳು ಮತ್ತು ಒಂದು ಫ್ಯಾನು. ಅಮ್ಮನಿಗೆ ಆ ಫ್ಯಾನು ತಿರುಗುವುದನ್ನು ಕಂಡರೇ ಮೂಳೆ ಕೊರೆಯುತ್ತದೆ. ಕಾಲೇಜಿಗೆ ಹೋಗುವ ಮಗಳಿಗೆ ಪುಸ್ತಕದ ಹಾಳೆ ಹಾರುವಷ್ಟು ಗಾಳಿ ಬೀಸದಿದ್ದರೆ ಉಸಿರು ಕಟ್ಟುತ್ತದೆ. ಅಜ್ಜಿ ಆರಿಸುತ್ತಾರೆ, ಮೊಮ್ಮಗಳು ಹಾಕುತ್ತಾಳೆ. ಆಮೇಲೆ ಇಬ್ಬರೂ ನನ್ನನ್ನು ಕರೆಯುತ್ತಾರೆ.

"ನಿನ್ನ ಮಗಳು ನನ್ನನ್ನ ಕಿಟಕಿಯಿಂದಾಚೆಗೆ ಹಾರಿಸಿಬಿಡಬೇಕು ಅಂತಿದಾಳೆ ಕಣೋ," ಎಂದು ಅಮ್ಮ.

"ಇದು ರೂಮಲ್ಲ ಅಪ್ಪ, ಓವನ್ನು. ಅಜ್ಜಿ ಬೇಯ್ತಿರೋದು ಅಜ್ಜಿಗೇ ಗೊತ್ತಾಗ್ತಿಲ್ಲ," ಎಂದು ಮಗಳು.

ಒಮ್ಮೆ ನಾನು ಮಧ್ಯಮ ಮಾರ್ಗ ಹಿಡಿದು, ಫ್ಯಾನಿನ ವೇಗ ನಡುವೆ ಎಲ್ಲಾದರೂ ಇಟ್ಟುಕೊಳ್ಳಿ ಎಂದೆ. ಅಂದು ಅಜ್ಜಿ ಮೊಮ್ಮಗಳು ಒಂದಾದರು. ನನ್ನನ್ನು ಬೈಯುವುದಕ್ಕೆ.

ಹಾಗಾಗಿ ಒಂದು ಭಾನುವಾರ ಊಟದ ಮೇಜಿನ ಮುಂದೆ ನಾನು ನನ್ನ ಗೃಹವಿಸ್ತರಣಾ ಮಹಾಯೋಜನೆಯನ್ನು ಮಂಡಿಸಿದೆ. ಹಿತ್ತಲಲ್ಲಿ ಬಟ್ಟೆ ಒಣಗಿಸುವ ತಂತಿ, ಒಂದು ಮುರುಕಲು ಸೈಕಲ್ಲು ಬಿಟ್ಟರೆ ಏನೂ ಇಲ್ಲ. ಅಲ್ಲಿ ಎರಡು ಕೋಣೆ ಎಬ್ಬಿಸೋಣ. ಮಗಳಿಗೊಂದು. ಇನ್ನೊಂದು, ಬಂದುಹೋಗುವವರಿಗೆ. ಬಂದುಹೋಗುವವರು ಇಲ್ಲದಾಗ ನಾನು ಅಲ್ಲಿ ಕೂತು ಓದುತ್ತೇನೆ. (ನಾನು ಏನು ಓದುತ್ತೇನೆ ಎಂದು ಮಗಳು ಕೇಳಿದಳು. ಅದಕ್ಕೆ ಉತ್ತರ ಕೊಡುವುದು ಯೋಜನೆಯ ವ್ಯಾಪ್ತಿಗೆ ಬರುತ್ತಿರಲಿಲ್ಲ.)

ನನ್ನ ಹೆಂಡತಿ ಶಾಲೆಯಲ್ಲಿ ಗಣಿತದ ಮೇಷ್ಟ್ರು. ನಾನು ಏನೇ ಹೇಳಿದರೂ ಮೊದಲು ಅದರಲ್ಲಿ ತಪ್ಪೆಲ್ಲಿದೆ ಎಂದು ಹುಡುಕುವುದು ಅವಳ ವೃತ್ತಿಧರ್ಮ. ಅಂಥವಳು ಅಂದು ತಟ್ಟೆಯಿಂದ ತಲೆಯೆತ್ತಿ, "ಮಾಡಿಸೋಣ. ಯಾವಾಗ ಶುರು?" ಎಂದಳು. ನಾನು ಉಬ್ಬಿಹೋದೆ. ಉಬ್ಬುವ ಬದಲು ಹೆದರಬೇಕಿತ್ತು.

ಇಂಜಿನಿಯರಮ್ಮ ಬಂದರು. ಸಣ್ಣ ದೇಹ, ದೊಡ್ಡ ಕನ್ನಡಕ, ಕೈಯಲ್ಲಿ ಗೋಡೆಗೆ ಕೆಂಪು ಚುಕ್ಕೆ ಬಿಡುವ ಅಳತೆಯ ಯಂತ್ರ. ಆಕೆಗೆ ಜಗತ್ತೆಲ್ಲ ಅಡಿಗಳಲ್ಲೇ ಕಾಣುತ್ತಿತ್ತು. ಹಿತ್ತಲಿನ ಅಡಿ ಅಳೆದರು, ಅಡಿಗೆಮನೆಯ ಅಡಿ ಅಳೆದರು, ಅಡಿಗಡಿಗೆ ನನ್ನನ್ನು ಪಕ್ಕಕ್ಕೆ ಸರಿಯಲು ಹೇಳಿದರು. ಕೊನೆಗೆ ಹಾಲ್‌ನಲ್ಲಿ ಕೂತು ದೊಡ್ಡ ಹಾಳೆ ಬಿಚ್ಚಿ ಪೆನ್ಸಿಲ್ ಹಿಡಿದರು.

"ಈಗ ಹೇಳಿ. ಯಾರ್ಯಾರು ಎಲ್ಲೆಲ್ಲಿ ಮಲಗ್ತೀರಿ?"

ನಾನು ಗಂಟಲು ಸರಿಮಾಡಿಕೊಂಡೆ. "ಅಮ್ಮ ಈಗಿರೋ ರೂಮಲ್ಲೇ ಇರ್ತಾರೆ. ಹಿಂದಿನ ಎರಡರಲ್ಲಿ ಒಂದು ಮಗಳಿಗೆ. ಇನ್ನೊಂದು..."

"ಇನ್ನೊಂದು ನಂಗೆ," ಎಂದಳು ನನ್ನ ಹೆಂಡತಿ.

ಇಂಜಿನಿಯರಮ್ಮ ತಲೆಯೆತ್ತಲಿಲ್ಲ. "ಅಂದ್ರೆ ಮಾಸ್ಟರ್ ಬೆಡ್‌ರೂಮ್ ಹಿಂದಕ್ಕೆ ಬರತ್ತೆ."

"ಇಲ್ಲ, ಮಾಸ್ಟರು ಇದ್ದಲ್ಲೇ ಇರ್ತಾರೆ. ನಾನೊಬ್ಬಳೇ ಹಿಂದಕ್ಕೆ ಹೋಗ್ತೀನಿ."

"ಮಂಚ?"

"ಸಿಂಗಲ್."

ನೋಡನೋಡುತ್ತಿದ್ದಂತೆ ಆ ಪೆನ್ಸಿಲ್ಲು ಹಾಳೆಯ ಮೇಲೆ ಒಂದು ಕಿರಿದಾದ ಆಯತ ಬರೆದು, ಅದರ ತಲೆಯ ಕಡೆ ಒಂದು ದಿಂಬು ಬರೆಯಿತು. ಒಂದೇ ದಿಂಬು. ನನ್ನ ಇಪ್ಪತ್ತೆರಡು ವರ್ಷದ ದಾಂಪತ್ಯದಿಂದ ನನ್ನನ್ನು ಹೊರಹಾಕುವುದಕ್ಕೆ ಅಷ್ಟು ಸೀಸ ಸಾಕಾಯಿತು.

ಇಂಜಿನಿಯರಮ್ಮ ಹೋಗುವವರೆಗೆ ಮರ್ಯಾದೆಗೆ ಸುಮ್ಮನಿದ್ದೆ. ಆಮೇಲೆ ಕೇಳಿದೆ. "ಏನಿದು?"

"ಏನಿದು ಅಂದ್ರೆ? ರೂಮು."

"ನಾನು ಗೊರಕೆ ಹೊಡೀತೀನಿ ಅಂತ ತಾನೆ? ನಾನು ಹೊಡಿಯಲ್ಲ."

ಮಗಳು ಮೊಬೈಲ್ ತೆಗೆದು ಏನನ್ನೋ ಒತ್ತಿದಳು. ಕಲ್ಲು ಒಡೆಯುವ ಯಂತ್ರವೊಂದು ಏರು ಹತ್ತುತ್ತಿರುವ ಸದ್ದು ಹಾಲ್ ತುಂಬಿತು. "ಇದು ನಿನ್ನೇದಲ್ಲ ಅಪ್ಪ, ನಿನ್ನೆ ಕಮ್ಮಿ ಇತ್ತು," ಎಂದಳು ಸಮಾಧಾನಕ್ಕೆ.

ನಾನು ತಾಯಿಯ ಕಡೆ ನೋಡಿದೆ. ಹೆತ್ತ ಕರುಳು ಎಂದು ಒಂದಿರುತ್ತದಲ್ಲ.

"ನಿಮ್ಮಪ್ಪಂದೂ ಹೀಗೇ ಇತ್ತು," ಎಂದರು ಅಮ್ಮ. "ನಂಗೂ ಒಂದು ರೂಮ್ ಬೇಕಿತ್ತು. ಕೇಳೋ ಧೈರ್ಯ ಇರಲಿಲ್ಲ. ಅವಳಿಗಿದೆ, ಕೇಳಿದಾಳೆ. ಕೊಡು."

ಆದರೆ ಹೆಂಡತಿ ತಲೆಯಲ್ಲಾಡಿಸಿದಳು. "ಗೊರಕೆ ಅಲ್ಲ. ಗೊರಕೆ ಅಭ್ಯಾಸ ಆಗಿಹೋಗಿದೆ. ಗೊರಕೆ ಶುರುವಾದ್ರೆ ಸದ್ಯ, ಮಾತು ನಿಲ್ತಲ್ಲ ಅನ್ಸತ್ತೆ."

ಇದಕ್ಕೆ ನಾನೊಂದು ವಿವರಣೆ ಕೊಡಬೇಕು. ನಾನು ಕೆಲಸ ಮಾಡುವುದು ಹಾಸಿಗೆ ಅಂಗಡಿಯಲ್ಲಿ. ಗಂಡಹೆಂಡಿರನ್ನು ಚಪ್ಪಲಿ ಬಿಡಿಸಿ ಹಾಸಿಗೆಯ ಮೇಲೆ ಮಲಗಿಸಿ, 'ಒಬ್ಬರು ಮಗ್ಗುಲು ತಿರುಗಿದ್ರೆ ಇನ್ನೊಬ್ಬರಿಗೆ ಗೊತ್ತೇ ಆಗಲ್ಲ ನೋಡಿ' ಎನ್ನುವುದು ನನ್ನ ಕಸುಬು. ಮೆತ್ತನೆಯದು ಬೇಕೆಂದು ಹೆಂಡತಿ, ಗಟ್ಟಿ ಬೇಕೆಂದು ಗಂಡ, ಅಂಗಡಿಯ ನಡುವೆಯೇ ಅವರ ಜಗಳ, ಸೂಕ್ಷ್ಮವಾಗಿ ನನ್ನ ಸಂಧಾನ. ಇದನ್ನೆಲ್ಲ ಮನೆಗೆ ಬಂದು ದಿಂಬಿಗೆ ತಲೆಯಿಟ್ಟ ಮೇಲೆ ಹೆಂಡತಿಗೆ ಹೇಳದೆ ಯಾರಿಗೆ ಹೇಳಲಿ?

"ಬೆಳಗ್ಗಿಂದ ಕ್ಲಾಸ್ ತುಂಬ ಮಕ್ಕಳ ಮಾತು ಕೇಳಿರ್ತೀನಿ," ಎಂದಳು ಅವಳು. ದನಿ ಏರಿರಲಿಲ್ಲ. ಏರಿದ್ದರೆ ನನಗೆ ಅನುಕೂಲವಾಗುತ್ತಿತ್ತು. "ಸ್ಟಾಫ್ ರೂಮಲ್ಲಿ ಟೀಚರ್‌ಗಳ ಮಾತು. ಮನೇಲಿ ಅತ್ತೇದು, ಇವಳದು. ಮಲಗಿದ್ರೆ ನಿಮ್ಮ ಗಿರಾಕಿಗಳದು. ನಂಗೆ ಒಂದು ಬಾಗಿಲು ಬೇಕು ಅಷ್ಟೆ. ಹಾಕ್ಕೊಳ್ಳೋಕೆ."

ನ್ಯಾಯವಾದ ಮಾತಿಗೆ ಉತ್ತರ ಇರುವುದಿಲ್ಲ. ಅದಕ್ಕೇ ಅದು ಅಷ್ಟು ಉರಿಯುವುದು. ನಾನು ಎದ್ದು ಹಿತ್ತಲಿಗೆ ಹೋಗಿ, ನನ್ನದೇ ಯೋಜನೆಯನ್ನು ಮಣ್ಣುಮಾಡುವುದು ಹೇಗೆಂದು ಯೋಚಿಸುತ್ತ ನಿಂತೆ.

ಹಿತ್ತಲ ಗೋಡೆಯಾಚೆ, ಎಂದಿನಂತೆ, ಕಾಂಪೌಂಡಯ್ಯನ ತಲೆ ಕಾಣಿಸಿತು.

ಹಿಂದಿನ ಮನೆಯ ಈ ನಿವೃತ್ತ ಗೃಹಸ್ಥರಿಗೆ ಆ ಹೆಸರಿಟ್ಟವಳು ನನ್ನ ಮಗಳು. ನೌಕರಿ ಮುಗಿದಂದಿನಿಂದ ಅವರು ನಮ್ಮಿಬ್ಬರ ನಡುವಿನ ಕಾಂಪೌಂಡಿಗೆ ಗಲ್ಲ ಊರಿ ನಿಂತಿದ್ದಾರೆ. ನಮ್ಮ ತಂತಿಯ ಮೇಲೆ ಯಾವ ಬಟ್ಟೆ ಯಾವಾಗ ಒಣಗಿತು ಎಂಬುದು ನಮಗಿಂತ ಅವರಿಗೆ ಚೆನ್ನಾಗಿ ಗೊತ್ತು.

"ಏನೋ ಅಳೀತಿದ್ರಲ್ಲ," ಎಂದರು.

ಹೊಳೆಯಿತು ನೋಡಿ. "ಹಿತ್ತಲಲ್ಲಿ ಕಟ್ಟಬೇಕು ಅಂತಿದಾರೆ ಸಾರ್. ನಿಮಗೆ ಗಾಳಿ ಬೆಳಕಿಗೆ ತೊಂದರೆ ಆಗತ್ತೆ. ನಾನಾಗಿದ್ರೆ ನಗರಸಭೆಗೆ ಒಂದು ಆಕ್ಷೇಪಣೆ ಹಾಕ್ತಿದ್ದೆ."

"ನಿಮ್ಮನೆ ಮೇಲೆ ನೀವೇ?"

"ನಾನು ಹೇಳಿದೆ ಅಂತ ಮಾತ್ರ ಹೇಳಬೇಡಿ."

ಆ ಮನುಷ್ಯನ ಮುಖದಲ್ಲಿ ಅಷ್ಟು ಕಳೆ ನಾನು ಎಂದೂ ಕಂಡಿರಲಿಲ್ಲ. ನಿವೃತ್ತಿಯ ನಂತರ ಮೊದಲ ಸಲ ಯಾರೋ ಅವರಿಗೊಂದು ಕೆಲಸ ಕೊಟ್ಟಿದ್ದರು.

ಆ ವಾರವೇ ನಗರಸಭೆ ಕಚೇರಿಯಿಂದ ಇನ್ಸ್‌ಪೆಕ್ಟರು ಬಂದರು. ಉದ್ದನೆಯ ಮನುಷ್ಯ, ನಿದ್ದೆಗಣ್ಣು. ಟೇಪಿನ ಇನ್ನೊಂದು ತುದಿ ಹಿಡಿಯಲು ಕಾಂಪೌಂಡಯ್ಯ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹಾಜರಿದ್ದರು. ಇಬ್ಬರೂ ಹಿತ್ತಲನ್ನು ಉದ್ದಗಲ ಅಳೆದರು. ಶಾಲೆಗೆ ರಜೆ ಹಾಕಿ ಬಾಗಿಲಲ್ಲಿ ನಿಂತಿದ್ದ ನನ್ನ ಹೆಂಡತಿಯ ಮುಖ ಸಣ್ಣದಾಗಿತ್ತು. ನಾನು ಬಹಳ ದುಃಖದಿಂದ ಅವಳ ಪಕ್ಕ ನಿಂತೆ. (ದುಃಖ ನಟಿಸುವುದು ನಮ್ಮ ವ್ಯಾಪಾರದಲ್ಲಿ ಬರಬೇಕು. ಗಿರಾಕಿ ಕೊಳ್ಳದೆ ಹೊರಟಾಗ ಅದು ಉಪಯೋಗಕ್ಕೆ ಬರುತ್ತದೆ.)

"ಹಿಂದುಗಡೆ ಏನೂ ತೊಂದರೆ ಇಲ್ಲ," ಎಂದರು ಇನ್ಸ್‌ಪೆಕ್ಟರು. "ಧಾರಾಳವಾಗಿ ಕಟ್ಟಬಹುದು."

ನನ್ನ ದುಃಖ ಅಸಲಿಯಾಯಿತು.

"ಹಾಗಾದ್ರೆ ಪಕ್ಕ ನೋಡಿ ಸಾರ್, ಪಕ್ಕ," ಎಂದು ಕಾಂಪೌಂಡಯ್ಯ ಟೇಪು ಎಳೆದುಕೊಂಡು ಓಡಿದರು. ಬರಿಗೈಯಲ್ಲಿ ವಾಪಸು ಹೋಗುವ ಜನ ಅವರಲ್ಲ.

ಪಕ್ಕದಲ್ಲಿದ್ದದ್ದು ನಾನು, ನನ್ನ ಹೆಂಡತಿ ಮಲಗುವ ಕೋಣೆ. ನಮ್ಮಪ್ಪ ಯಾವ ಕಾಲದಲ್ಲೋ ಅದರ ಗೋಡೆಯನ್ನು ಒಂದಿಷ್ಟು ಆಚೆಗೆ ತಳ್ಳಿ ಕಟ್ಟಿಸಿದ್ದರಂತೆ. ಯಾರನ್ನೂ ಕೇಳದೆ. ಇನ್ಸ್‌ಪೆಕ್ಟರು ಹೊರಗೆ ಅಳೆದು ಒಳಗೆ ಬಂದರು. ಟೇಪನ್ನು ಕಿಟಕಿಯ ಮೂಲೆಯಿಂದ ಎದುರು ಗೋಡೆಗೆ ಎಳೆದರು. ನಡುವೆ ನಮ್ಮ ಡಬಲ್ ಮಂಚ. ಟೇಪು ಅದರ ಮೇಲೆಯೇ, ಎರಡು ದಿಂಬುಗಳ ಮಧ್ಯೆ ಹಾದುಹೋಯಿತು.

"ಟೇಪಿನ ಈಚೆಗಿರೋದು ಸಕ್ರಮ. ಆಚೆಗಿರೋದು ಅಕ್ರಮ. ಅಷ್ಟನ್ನ ಒಡೀಬೇಕು."

ಆಚೆಗಿದ್ದದ್ದು ನನ್ನ ದಿಂಬು.

"ಇದು ಖಂಡಿತಾನಾ?" ಎಂದು ಕೇಳಿದಳು ನನ್ನ ಹೆಂಡತಿ. ಇಷ್ಟು ಹೊತ್ತು ಸಣ್ಣದಾಗಿದ್ದ ಅವಳ ಮುಖದಲ್ಲಿ ಲೆಕ್ಕ ಹಾಕುವಾಗಿನ ಗಾಂಭೀರ್ಯ ಬಂದಿತ್ತು.

"ಖಂಡಿತ. ಅದನ್ನ ಸರಿಮಾಡೋವರೆಗೆ ಹೊಸದೇನೂ ಕಟ್ಟೋ ಹಾಗಿಲ್ಲ."

ಅಲ್ಲಿಗೆ ಮುಗಿದಿದ್ದರೂ ನಾನು ಬಚಾವಾಗುತ್ತಿದ್ದೆ. ಆದರೆ ಕಾಂಪೌಂಡಯ್ಯ ಟೇಪು ಸುತ್ತುತ್ತ ನನ್ನ ಭುಜ ತಟ್ಟಿ, ಮೆಚ್ಚುಗೆಯ ನಿರೀಕ್ಷೆಯಲ್ಲಿ, "ನೀವು ಹೇಳಿದ್ದು ಬರೀ ಹಿತ್ತಲು. ನಾನು ಇಡೀ ಮನೇನೇ ನೋಡಿಸಿಬಿಟ್ಟೆ," ಎಂದರು.

ಇನ್ಸ್‌ಪೆಕ್ಟರು ಕೂಡ ಎಚ್ಚರಗೊಂಡು ನನ್ನನ್ನು ನೋಡಿದರು. ಹೆಂಡತಿ ಬೈಯುತ್ತಾಳೆಂದು ನಾನು ಮೈ ಗಟ್ಟಿಮಾಡಿ ನಿಂತೆ. ಅವಳು ಬೈಯಲಿಲ್ಲ. ನನ್ನನ್ನೇ ಸ್ವಲ್ಪ ಹೊತ್ತು ನೋಡಿದಳು. ಕೊನೆಯ ಬೆಂಚಿನ ಹುಡುಗನ ಉತ್ತರ ಪತ್ರಿಕೆ ತಿದ್ದಿ ಮುಗಿಸಿ, ಇನ್ನು ಇವನಿಂದ ಏನೂ ನಿರೀಕ್ಷಿಸುವಂತಿಲ್ಲ ಎಂದು ತೀರ್ಮಾನಿಸಿದ ಹಾಗಿತ್ತು ಆ ನೋಟ. ಆಮೇಲೆ ಇಬ್ಬರಿಗೂ ಕಾಫಿ ಕೊಟ್ಟು ಕಳಿಸಿದಳು. ನನಗೂ ಕೊಟ್ಟಳು. ಸಕ್ಕರೆ ಸರಿಯಾಗಿತ್ತು. ಅದೇ ನನಗೆ ಹೆದರಿಕೆ ಹುಟ್ಟಿಸಿದ್ದು.

ಅಮ್ಮ ಮಾತ್ರ ಒಂದು ಮಾತು ಹೇಳಿದರು. "ನಿಮ್ಮಪ್ಪ ಗೊರಕೆ ಹೊಡೀತಿದ್ರು ನಿಜ. ಆದ್ರೆ ಹೆಂಡತಿ ಮೇಲೆ ಚಾಡಿ ಹೇಳೋಕೆ ಹಿಂದಿನ ಮನೆಗೆ ಹೋದೋರಲ್ಲ."

ಗೋಡೆ ಒಡೆದರು. ಸುತ್ತಿಗೆಯ ಒಂದೊಂದು ಪೆಟ್ಟಿಗೂ ನನ್ನ ಕಡೆಯ ನೆಲ ನಡುಗುತ್ತಿತ್ತು. ಹೊಸ ಗೋಡೆ ಟೇಪು ಹಾದ ಜಾಗದಲ್ಲೇ ಎದ್ದಿತು. ಇಂಜಿನಿಯರಮ್ಮ ಮತ್ತೆ ಬಂದು, ಉಳಿದ ಕೋಣೆಗೆ ಕೆಂಪು ಚುಕ್ಕೆ ಬಿಟ್ಟು, ಕನ್ನಡಕ ಸರಿಮಾಡಿಕೊಂಡರು.

"ಡಬಲ್ ಮಂಚ ಇನ್ನು ಹಿಡಿಯಲ್ಲ. ಸಿಂಗಲ್ ಒಂದು ಆರಾಮಾಗಿ ಕೂರತ್ತೆ. ಪಕ್ಕದಲ್ಲಿ ಒಂದು ಕುರ್ಚಿ."

"ಬಾಗಿಲು?" ಎಂದಳು ನನ್ನ ಹೆಂಡತಿ.

"ಬಾಗಿಲಿಗೇನು, ಇದೆಯಲ್ಲ. ಒಳಗಿಂದ ಚಿಲಕ ಹಾಕಿಸಿಬಿಡಿ."

ಹೀಗೆ, ಯಾವ ಕೋಣೆ ಆಗಬಾರದೆಂದು ನಾನು ಇಷ್ಟೆಲ್ಲ ಮಾಡಿದೆನೋ, ಅದು ಹಿತ್ತಲಿಗೂ ಹೋಗದೆ ನನ್ನ ಕೋಣೆಯಲ್ಲೇ ಸಿದ್ಧವಾಯಿತು. ನಾನು ಹಾಲ್‌ನ ಸೋಫಾಕ್ಕೆ ಬಂದೆ. ಅಂಗಡಿಯಿಂದ ರಿಯಾಯಿತಿಯಲ್ಲಿ ಒಂದು ಸಿಂಗಲ್ ಹಾಸಿಗೆ ಆರಿಸಿ ತರುವ ಕೆಲಸವೂ ನನ್ನದೇ ಆಯಿತು. ಒಳ್ಳೆಯದನ್ನೇ ತಂದೆ. ಅಷ್ಟರ ಮಟ್ಟಿಗೆ ಕಸುಬಿಗೆ ಮೋಸ ಮಾಡಲಾರೆ.

ಹಿತ್ತಲಿನ ಯೋಜನೆ? ಅದಕ್ಕೆ ಹಠ ಹಿಡಿಯಬಲ್ಲವಳು ಮನೆಯಲ್ಲಿ ಒಬ್ಬಳೇ ಇದ್ದಳು. ಅವಳಿಗೆ ಬೇಕಾದದ್ದು ಸಿಕ್ಕಿಬಿಟ್ಟಿತ್ತು. ಮಗಳು ಕೆಲವು ದಿನ ಮುಖ ಊದಿಸಿಕೊಂಡಿದ್ದು, ನನ್ನನ್ನು ಕರೆಯುವುದನ್ನು ಬಿಟ್ಟು, ಅಜ್ಜಿಯ ಜೊತೆ ನೇರವಾಗಿ ಜಗಳವಾಡಲು ಶುರುಮಾಡಿದಳು.

ಎಲ್ಲಕ್ಕಿಂತ ಕಹಿಯಾದದ್ದೆಂದರೆ ನನ್ನ ಹೆಂಡತಿ ಈಗ ಸಂತೋಷವಾಗಿದ್ದಾಳೆ. ಬೆಳಗ್ಗೆ ಚಿಲಕ ತೆಗೆದು ಹೊರಬರುವಾಗ ಮುಖ ಅರಳಿರುತ್ತದೆ, ಹತ್ತು ವರ್ಷ ಚಿಕ್ಕವಳಾದ ಹಾಗೆ. ನನ್ನೊಡನೆ ನಗುತ್ತಾಳೆ, ಪೇಪರ್ ಓದಿ ಹೇಳುತ್ತಾಳೆ, ಇಂದು ಅಂಗಡಿ ಹೇಗಿತ್ತು ಎಂದು ತಾನೇ ಕೇಳುತ್ತಾಳೆ. ನಾನು ಹೇಳುವಾಗ ಅರ್ಧ ಗಂಟೆ ಕೇಳಿ, ಎದ್ದು ಹೋಗುತ್ತಾಳೆ. ನಾವು ಇಷ್ಟು ಚೆನ್ನಾಗಿ ಯಾವತ್ತೂ ಇರಲಿಲ್ಲ. ನಡುವೆ ಒಂದು ಗೋಡೆ ಬೇಕಿತ್ತು, ಅಷ್ಟೆ.

ಮೊನ್ನೆ ಸಂಜೆ ನನ್ನ ಸೋಫಾದ ತುದಿಯಲ್ಲಿ ಬಂದು ಕೂತಳು. ಮನಸ್ಸು ಬದಲಾಯಿಸಿದಳೋ ಏನೋ ಎಂದುಕೊಂಡು ಕಾಲು ಮಡಚಿ ಜಾಗ ಮಾಡಿದೆ.

"ಎದುರು ಮನೆಯಾಕೆ ಬಂದಿದ್ರು. ನನ್ನ ರೂಮ್ ನೋಡಿದ್ರು. ಕಣ್ಣಲ್ಲಿ ನೀರೇ ಬಂತು ಪಾಪ. ಅವರ ಯಜಮಾನರು ಮನೆ ದೊಡ್ಡದು ಮಾಡಬೇಕೋ ಬೇಡವೋ ಅಂತ ಯೋಚಿಸ್ತಿದಾರಂತೆ. ಗೊತ್ತಿರೋ ಗಂಡಸರು ಯಾರಾದ್ರೂ ಹೇಳಿದ್ರೆ ಕೇಳ್ತಾರಂತೆ." ಸೋಫಾದಿಂದ ಎದ್ದು, "ನಿಮ್ಮನ್ನ ಕಳಿಸ್ತೀನಿ ಅಂದಿದೀನಿ," ಎಂದಳು.

ಹೋದೆ. ಆ ಬಡಪಾಯಿ ಬಹಳ ಸಡಗರದಿಂದ ನನ್ನನ್ನು ಕೂರಿಸಿ, ಇನ್ನೂ ಎರಡು ಕೋಣೆ ಬಂದರೆ ತಾನೂ ತನ್ನ ಹೆಂಡತಿಯೂ ಎಷ್ಟು ಸುಖವಾಗಿರಬಹುದೆಂದು ಕೈ ಅಗಲಿಸಿ ವಿವರಿಸಿದ. ಅವನ ಬೆನ್ನ ಹಿಂದೆ ಅಡಿಗೆಮನೆಯ ಬಾಗಿಲಲ್ಲಿ ಆಕೆ ಸುಮ್ಮನೆ ನಿಂತಿದ್ದಳು.

ನಾನು ಅವನನ್ನು ನೋಡಿದೆ, ಅವನು ಕೂತಿದ್ದ ಸೋಫಾದ ಉದ್ದವನ್ನು ಕಣ್ಣಲ್ಲೇ ಅಳೆದೆ, ಬಹಳ ಒಳ್ಳೆಯ ಯೋಚನೆ, ತಡಮಾಡಬೇಡಿ ಎಂದೆ.